ಮುಧೋಳ ನಾಯಿ ಕಡವಿ, ಚಿಗರಿ (ಕೃಷ್ಣಮೃಗ) ಹಿಡಿಯತೈತೇನ್ರಿ? ಲರ್ಚರ್ ವಿಡಿಯೋ ನೋಡಿ ಕೇಳಾಕತ್ತೀನಿ

ಎರಿಹೊಲದಾಂವ, ರಾಣೇಬೆನ್ನೂರ

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮದು ರಾಣೇಬೆನ್ನೂರ ತಾಲೂಕಿನ್ಯಾಗ ಒಂದು ಹಳ್ಳಿ. ಮನ್ಯಾಗ ಎರಡು ನಾಯಿ ಅದಾವು, ಒಂದು ಮುಧೋಳ ಗಂಡು ಒಂದೂವರಿ ವರ್ಷದ್ದು, ಇನ್ನೊಂದು ಮುಧೋಳಕ್ಕ ಗ್ರೇಹೌಂಡ್ ಕ್ರಾಸ್ ಆದ ಹೆಣ್ಣು, ಅದಕ್ಕಿನ್ನ ಹತ್ತು ತಿಂಗಳಾ. ಗಂಡು ಓಡೂದು ನೋಡಿದ್ರ ಎದಿ ಝಲ್ ಅಂತೈತ್ರಿ, ಬದುವಿನ ಮ್ಯಾಲೆ ನಿಂತು ಸೀಟಿ ಹೊಡದ್ರ ಸಾಕು, ಆ ತುದಿಯಿಂದ ಈ ತುದಿಗೆ ಬಂದು ನಿಂತಿರತೈತಿ.

ಈಗ ವಿಷಯ ಏನಂದ್ರ ಯೂಟ್ಯೂಬ್‌ನ್ಯಾಗ ಹೊರದೇಶದವ್ರು ಲರ್ಚರ್ ಅನ್ನೂ ನಾಯಿ ಬಿಟ್ಟು ದೊಡ್ಡ ದೊಡ್ಡ ಕೋಡಿನ ಜಿಂಕಿ ಹಿಡಿಯೂ ವಿಡಿಯೋ ಭಾಳ ನೋಡೀನಿ, ಆ ನಾಯಿನೂ ನಮ್ಮ ಮುಧೋಳದ ಗತೆನ ಕಾಣತಾವು, ತೆಳ್ಳಗ, ಉದ್ದ ಮೂತಿ, ಹೊಟ್ಟಿ ಒಳಗ ಸೇರಿದ್ದು. ಗೆಳ್ಯಾರು "ನಿನ್ನ ನಾಯಿಗೆ ಒಂದ ಸಲ ಬ್ಯಾಟಿ ರುಚಿ ಹತ್ತಲಿ, ಆಮ್ಯಾಲೆ ನೋಡು" ಅಂತ ಗಂಟು ಬಿದ್ದಾರ, ಹೋಳಿ ಹುಣ್ಣಿವಿ ಆದ ಮ್ಯಾಲೆ ಹೋಗೂನು ಅಂತಾರ. ಮುಂಗಾರ್ಯಾಗ ನಮ್ಮ ಹೆಸರು ಬೆಳಿ ಚಿಗರಿ ಹಿಂಡು ಬಂದು ಮೇದು ಹೋಗ್ಯಾವು, ಆ ಸಿಟ್ಟೂ ಐತಿ.

ಲರ್ಚರ್ ಅಂದ್ರ ಖರೇ ಏನು, ಮುಧೋಳ ಆ ಕೆಲಸ ಮಾಡತೈತೇನು, ಹಿಡೀಲಾರದ ಬರೇ ಹೊಲದಿಂದ ಓಡಸಾಕ ನಾಯಿ ಬಿಟ್ರೂ ತಪ್ಪೇನು? ಗೊತ್ತಿದ್ದವ್ರು ಹೇಳ್ರಿ, ಬೈದು ಹೇಳಿದ್ರೂ ನಡೀತೈತಿ.

ಕಪ್ಪತಗುಡ್ಡದ ಕಾಕಾ, ಗದಗ ಜಿಲ್ಲಾ

ತಮ್ಮಾ, ಬೈಯಂಗಿಲ್ಲ. ಕೇಳಿದ್ದು ಚಲೋ ಆತು, ಕೇಳದ ಹೋಗಿದ್ದ್ರ ಏನಾಗತಿತ್ತು ಅನ್ನೂದು ನಂಗ ಗೊತ್ತೈತಿ.

ನಮ್ಮಪ್ಪನ ಕಾಲದಾಗ ಮನ್ಯಾಗ ಎರಡು ಮೂರು ಕರವಾನಿ ನಾಯಿ, ಅಂದ್ರ ಇದ ಮುಧೋಳ ತಳಿ, ಇದ್ದ ಇರತಿದ್ದು. ನಾನು ಸಾಲಿಗೆ ಹೋಗೂ ಹುಡುಗ ಇದ್ದಾಗ ಒಂದ ಸಲ ಹಿರ್ಯಾರ ಬೆನ್ನ ಹತ್ತಿ ಹೋಗಿದ್ದೆ. ಬ್ಯಾಸಗಿ, ಬಿಳಿಜ್ವಾಳ ಕಿತ್ತ ಹೊಲ, ನೆಲ ಬಾಯಿ ಬಿಟ್ಟಿತ್ತು. ಎರಿ ಭೂಮಿ ಬಿರುಕು ನಿನಗ ಹೇಳಬೇಕಾಗಿಲ್ಲ, ಹುಡುಗೂರ ಕಾಲು ಮೊಣಕಾಲ ತನಕ ಇಳೀತೈತಿ. ನಮ್ಮ ಬಿಳಿ ನಾಯಿ ಒಂದು ಚಿಗರಿ ಬೆನ್ನ ಹತ್ತಿತು. ಚಿಗರಿ ಪುಟಿದು ಪುಟಿದು ಹೋತು, ಅದಕ್ಕ ಆ ನೆಲ ಹುಟ್ಟಿದಾಗಿಂದ ಗೊತ್ತು. ನಾಯಿ ಮುಂಗಾಲು ಬಿರುಕಿನ್ಯಾಗ ಸಿಕ್ಕು ಲಟಕ್ ಅಂತು. ಆ ಸಪ್ಪಳ ಇಷ್ಟು ವರ್ಷ ಆದ್ರೂ ಕಿವ್ಯಾಗ ಐತಿ. ಅಪ್ಪ ಅದನ್ನ ಹೆಗಲ ಮ್ಯಾಲೆ ಹೊತ್ಕೊಂಡು ಒಂದು ಹರದಾರಿ ನಡದ ಬಂದ, ಎಂಟು ದಿನಕ್ಕ ಸತ್ತುಹೋತು, ಬೇವಿನ ಗಿಡದ ಬುಡಕ ಹುಗದ್ವಿ. ಆಮ್ಯಾಲೆ ನಮ್ಮ ಮನ್ಯಾಗ ಬ್ಯಾಟಿ ಮಾತು ಯಾರೂ ತಗೀಲಿಲ್ಲ. ನಾಯಿ ಮಾತ್ರ ಇವತ್ತಿಗೂ ಸಾಕೀವಿ.

ಚಿಗರಿ ಗಂಟೆಕ್ಕ 80 ಕಿಲೋಮೀಟರ್ ತನಕ ಓಡತೈತಿ. ಹುಬ್ಬಳ್ಳಿ-ಧಾರವಾಡದಾಗ ಬಸ್ಸಿಗೆ ಚಿಗರಿ ಅಂತ ಸುಮ್ನ ಹೆಸರಿಟ್ಟಿಲ್ಲ. ಹಿಂದಕ ಕೊಲ್ಹಾಪುರದ ಮಹಾರಾಜರು ಇದರ ಬ್ಯಾಟಿಗೆ ಚೀತಾ ಪಳಗಿಸಿ ಇಟ್ಕೊಂಡಿದ್ರು ಅಂದ ಮ್ಯಾಲೆ ವಿಚಾರ ಮಾಡು. ಇನ್ನ ಕಡವಿ ಅಂದ್ರ ಗಂಡು 200 ಕಿಲೋ ದಾಟಿರತೈತಿ, ನಿನ್ನ ನಾಯಿ ಹೆಚ್ಚಂದ್ರ 25, 28 ಕಿಲೋ. ಒಂದ ಒದಿಕಿ ಬಿದ್ರ ಪಕ್ಕಿ ಎಲುಬು ಉಳಿಯಂಗಿಲ್ಲ.

ಆತಕೂರ ಶಾಸನದ ಕಲ್ಲಿನ ಸುದ್ದಿ ಕೇಳಿದ್ದೇನು? ಸುಮಾರು 950ರ ಇಸವಿದು. ಗಂಗರ ಅರಸ ಬೂತುಗ ತನ್ನ ವೀರ ಮಣಲೆರಗ ಏನು ಬೇಕು ಕೇಳು ಅಂದಾಗ ಆತ ಕೇಳಿದ್ದು ಕಾಳಿ ಅನ್ನೂ ನಾಯಿ. ಅದನ್ನ ದೊಡ್ಡ ಹಂದಿ ಮ್ಯಾಲೆ ಬಿಟ್ರು, ಎರಡೂ ಕಾದಾಡಿ ಸತ್ತು, ಆ ನಾಯಿ ಸಲುವಾಗಿ ಕಲ್ಲು ನಿಲ್ಲಿಸಿದ್ರು. ಎಲ್ಲಾರೂ ಆ ನಾಯಿ ಶೌರ್ಯ ಹೇಳತಾರ. ನಂಗ ಆ ಕಲ್ಲು ನೆನಪಾದಾಗೆಲ್ಲಾ ನಮ್ಮ ಬೇವಿನ ಗಿಡ ಕಣ್ಣ ಮುಂದ ಬರತೈತಿ.

ಹುಬ್ಬಳ್ಳಿಯಿಂದ ಲೀಡ್ಸ್

ಅಣ್ಣಾ, ನಾನು ವಿದ್ಯಾನಗರದಾಂವ, ಈಗ ಇಂಗ್ಲೆಂಡಿನ್ಯಾಗ ಅದೀನಿ, ನಮ್ಮ ಓಣ್ಯಾಗ ಇಬ್ಬರ ಹತ್ರ ಲರ್ಚರ್ ಅದಾವು ಅದಕ್ಕ ಬರ್ಯಾಕತ್ತೀನಿ. ಲರ್ಚರ್ ಅನ್ನೂದು ಒಂದು ತಳಿ ಅಲ್ಲ. ಗ್ರೇಹೌಂಡ್ ಅಥವಾ ವಿಪೆಟ್‌ನಂಥಾ ಓಡೂ ನಾಯಿಗೆ ಕುರಿ ಕಾಯೂ ಕೋಲಿ (Collie) ಅನ್ನೂ ನಾಯಿನೋ, ಟೆರಿಯರ್ ನಾಯಿನೋ ಕೂಡಿಸಿದ್ರ ಹುಟ್ಟೂದು ಲರ್ಚರ್, ಒಂದರಿಂದ ಓಟ, ಇನ್ನೊಂದರಿಂದ ಬುದ್ಧಿ ಮತ್ತ ಗಟ್ಟಿ ಮೈ. ಎರಡೂ ಕಡೆ ಓಡೂ ನಾಯಿನ ಇದ್ರ ಅದಕ್ಕ ಲಾಂಗ್‌ಡಾಗ್ ಅಂತಾರ, ಹಂಗ ನೋಡಿದ್ರ ನಿಮ್ಮ ಹೆಣ್ಣು ನಾಯಿ ಲಾಂಗ್‌ಡಾಗ್ ಆತು, ಲರ್ಚರ್ ಅಲ್ಲ. ಲರ್ಚರ್ ಬಡವರ ನಾಯಿ, ಹೆಚ್ಚಿಗಿ ಮೊಲ ಹಿಡ್ಯಾಕ ಸಾಕತಿದ್ರು. ದೊಡ್ಡ ಕೆಂಪು ಜಿಂಕಿಗೆ ಅಂತ ಸ್ಕಾಟ್ಲೆಂಡಿನ್ಯಾಗ ಡೀರ್‌ಹೌಂಡ್ ಅಂತ ಬ್ಯಾರೆ ತಳಿನ ಇತ್ತು, ಗಂಡು 45 ಕಿಲೋ ಮ್ಯಾಲೆ, ಮೈತುಂಬ ಒರಟು ಕೂದಲಾ, ಚಳಿ ಗುಡ್ಡದಾಗ ಓಡೂ ನಾಯಿ.

ಮತ್ತ ನೀವು ನೋಡಿದ ವಿಡಿಯೋ ಇಂಗ್ಲೆಂಡಿನ್ಯಾಗ ಇತ್ತೀಚಿಗೆ ತಗದಿದ್ದಾದ್ರ ಅದು ಕಳ್ಳ ಬ್ಯಾಟಿರಿ. ಇಲ್ಲಿ 2004ರ ಹಂಟಿಂಗ್ ಆಕ್ಟ್ ಅಂತ ಐತಿ, 2005ರ ಫೆಬ್ರವರಿ 18ರಿಂದ ಜಾರಿ ಆತು, ನಾಯಿ ಬಿಟ್ಟು ಜಿಂಕಿ ಬೆನ್ನಟ್ಟಿ ಹಿಡಿಯೂದು ಅಪರಾಧ. ಮೊಲದಾಗನೂ ರ್ಯಾಬಿಟ್ ಅನ್ನೂ ಬಿಲದ ಮೊಲ ಅಷ್ಟ, ಅದೂ ಹೊಲದವರ ಪರ್ಮಿಷನ್ ಇದ್ರ. ನಮ್ಮ ಓಣಿಯವ್ರು ಲರ್ಚರ್ ಇಟ್ಕೊಂಡು ಮಾಡೂದು ಅದನ್ನ.

ಆಸ್ಟ್ರೇಲಿಯಾದ್ದು ಬ್ಯಾರೆ ಕತಿ. ಅಲ್ಲಿ ವಿಕ್ಟೋರಿಯಾ ರಾಜ್ಯಕ್ಕ 1860ರ ಸುಮಾರಿಗೆ ನಮ್ಮ ಕಡೆ ಕಾಡಿನ ಕಡವಿನ ಒಯ್ದು ಬಿಟ್ರು, ಅವು ಅಲ್ಲಿ ವಿಪರೀತ ಬೆಳದ್ವು, ಅದಕ್ಕ ಲೈಸೆನ್ಸ್ ಕೊಟ್ಟು ಬ್ಯಾಟಿ ಮಾಡಸತಾರ. ಆದ್ರ ಅಲ್ಲಿ ಕಡವಿ ಬ್ಯಾಟಿಗೆ ಹಿಂಡಿನ್ಯಾಗ ಬಿಡೂದು ಬೀಗಲ್, ಹ್ಯಾರಿಯರ್, ಬ್ಲಡ್‌ಹೌಂಡ್, ಅಂದ್ರ ಮೂಗಿನಿಂದ ವಾಸನಿ ಹಿಡಿದು ಹೋಗೂ ನಾಯಿ. ನಾಯಿ ಕೆಲಸ ಕಡವಿ ಎಬ್ಬಸೂದು, ಹೊಡೆಯಾಂವ ಬಂದೂಕದಾಂವ. ನಮ್ಮ ಮುಧೋಳ ಕಣ್ಣಿಂದ ನೋಡಿ ಓಡೂ ನಾಯಿ, ಗಿಡಗಂಟಿ ತುಂಬಿದ ಕಾಡಿನ್ಯಾಗ ಅದಕ್ಕ ಏನೂ ಕಾಣಂಗಿಲ್ಲ.

ಕರಿಕೋಟು, ಹಾವೇರಿ

ಕಾಯ್ದೆ ಬಗ್ಗೆ ಎರಡು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಒಳಗ ಬೇಟೆ ಅಂದ್ರ ಕೊಲ್ಲೂದು ಅಷ್ಟ ಅಲ್ಲ. ಬೆನ್ನಟ್ಟೂದು, ಓಡಿಸಿ ತರೂದು, ಉರ್ಲು ಹಾಕೂದು, ಇವುಗಳ ಪ್ರಯತ್ನ ಕೂಡ ಬೇಟೆನ. ಅಂದ್ರ ನಾಯಿ ಬಿಟ್ಟ ಕ್ಷಣಕ್ಕ ಅಪರಾಧ ಆಗಿ ಹೋತು, ಚಿಗರಿ ಸಿಗಲಿ ಬಿಡಲಿ. "ಬರೇ ಓಡಸಾಕ ಬಿಟ್ಟಿದ್ದೆ" ಅಂತ ಹೇಳಿದ್ರ ಕೇಳಾವ್ರು ಯಾರೂ ಇಲ್ಲ. ಚಿಗರಿ ಆ ಕಾಯ್ದೆದ ಮೊದಲನೇ ಶೆಡ್ಯೂಲಿನ ಪ್ರಾಣಿ, ಅಂದ್ರ ಎಲ್ಲಕ್ಕಿಂತ ಹೆಚ್ಚು ರಕ್ಷಣೆ ಇರೂ ಪಟ್ಟಿದು, ಕಡಿಮಿ ಅಂದ್ರ 3 ವರ್ಷ ಜೈಲು, 7 ವರ್ಷದ ತನಕ ಹೋಗಬಹುದು, ಮ್ಯಾಲೆ ದಂಡ. ಬಳಸಿದ ಗಾಡಿನೂ ಸರ್ಕಾರದ ಪಾಲು. ನೀವಿರೂದು ರಾಣೇಬೆನ್ನೂರದಾಗ, 119 ಚದರ ಕಿಲೋಮೀಟರಿನ ಕೃಷ್ಣಮೃಗ ಧಾಮ 1974ರಿಂದ ಅಲ್ಲೇ ಐತಿ, ನಿಮ್ಮ ಗೆಳ್ಯಾರಿಗೆ ಇದು ಗೊತ್ತಿಲ್ಲಂತ ನಾನು ನಂಬಂಗಿಲ್ಲ.

ಬೆಳಿ ಹೋಗಿದ್ದಕ್ಕ ಅರಣ್ಯ ಇಲಾಖೆಯಿಂದ ಪರಿಹಾರ ಐತ್ರಿ. ಮೇದ ಮರುದಿನನ ಫೋಟೋ ತಗೀರಿ, ಹೆಜ್ಜಿ ಗುರ್ತು ಸಮೇತ, ಪಹಣಿ ಜೋಡಿ ಅರ್ಜಿ ಕೊಡ್ರಿ. ಹೊಲ ಹರಗಿದ ಮ್ಯಾಲೆ ಹೋದ್ರ ಏನು ತೋರಸ್ತೀರಿ?

ಧಾರವಾಡ ದನದ ಡಾಕ್ಟರ್

ಕಾಕಾ ಅವ್ರು ಬರದದ್ದು ಓದಿ ಸುಮ್ನ ಕುಂದ್ರಾಕ ಆಗಲಿಲ್ಲ. ಅಂಥಾ ಕಾಲು ನನ್ನ ಟೇಬಲ್ ಮ್ಯಾಲೆ ಭಾಳ ಬಂದಾವು, ತಂತಿ ಬೇಲಿಗೆ ಹರದ ಎದಿನೂ ಬಂದಾವು.

ಎಲ್ಲಾರೂ ಮರಿಯೂದು ಬಿಸಿಲಿನ ವಿಚಾರ. ಓಡೂ ನಾಯಿ ಜೀವಾ ಬಿಟ್ಟು ಒಂದು ನಿಮಿಷ ಓಡಿದ್ರ ಸಾಕು ಮೈ ಕಾವು 41 ಡಿಗ್ರಿ ಮುಟ್ಟತೈತಿ, ಸಾಧಾರಣ ಇರಬೇಕಾದ್ದು 38ರಿಂದ 39. ಇಂಗ್ಲೆಂಡಿನ ಚಳ್ಯಾಗ ಅದು ಇಳೀತೈತಿ, ನಮ್ಮ ಮಾರ್ಚ್ ಏಪ್ರಿಲ್‌ನ್ಯಾಗ ಇಳಿಯಂಗಿಲ್ಲ, ನಾಯಿ ಅಲ್ಲೇ ತೂರಾಡಿ ಬೀಳತೈತಿ. ಬಿದ್ರ ಮೊದಲು ನೀರು, ಆಮ್ಯಾಲೆ ದವಾಖಾನಿ. ಮೈತುಂಬ ನೀರು ಸುರುವಿ ಗಾಳಿ ಹಾಕಬೇಕು, ಒದ್ದಿ ಗೋಣಿಚೀಲ ಸುತ್ತಿ ಇಡಬ್ಯಾಡ್ರಿ, ಕಾವು ಒಳಗ ಉಳೀತೈತಿ. ಚಿಗರಿದೂ ಅದ ಕತಿ, ತಪ್ಪಿಸ್ಕೊಂಡ ಹೋತು ಅಂತ ನಾವು ತಿಳ್ಕೋತೀವಿ, ಅಂಜಿ ಓಡಿದ್ದಕ್ಕ ಅದರ ಮಾಂಸಖಂಡನ ಕರಗಿ ಎರಡು ಮೂರು ದಿನಕ್ಕ ಎಲ್ಲೋ ಗಿಡದ ಮರಿಗೆ ಬಿದ್ದು ಸಾಯಬಹುದು, ಗಬ್ಬ ಇದ್ದದ್ದು ಕಂದು ಹಾಕತೈತಿ.

ಓಡಸಬೇಕಂದ್ರ ಲ್ಯೂರ್ ಮಾಡ್ರಿ, ಅಂದ್ರ ನಾಯಿ ಬೆನ್ನಟ್ಟಾಕ ಹಗ್ಗಕ್ಕ ಕಟ್ಟಿ ಎಳಿಯೂ ಸುಳ್ಳ ಬ್ಯಾಟಿ. ಹಳಿ ಸೈಕಲ್ ಬೋರಲು ಹಾಕಿ, ಹಿಂದಿನ ಗಾಲಿ ಟೈರ್ ತಗದು, ರಿಮ್ಮಿಗೆ ನೈಲಾನ್ ಹಗ್ಗ ಸುತ್ತೂ ಹಂಗ ಮಾಡಿ, ತುದಿಗೆ ಬಿಳಿ ಪ್ಲಾಸ್ಟಿಕ್ ಚೀಲ ಕಟ್ರಿ, ಒಬ್ಬರು ಪೆಡಲ್ ತಿರುವಿದ್ರ ಚೀಲ ಮೊಲದಂಗ ಹಾರತೈತಿ. 150 ಮೀಟರಿಂದ ಚಾಲೂ ಮಾಡ್ರಿ, ಮುಂಜಾನಿ ಹೊತ್ತು ಏರೂದ್ರೊಳಗ, ಎರಡ ಓಟ, ನಡುವ ಹದಿನೈದು ನಿಮಿಷ ನಡಿಸ್ರಿ. ಹೊಟ್ಟಿ ತುಂಬಿದಾಗ ಓಡಸಬ್ಯಾಡ್ರಿ, ಎದಿ ಆಳ ಇರೂ ನಾಯಿಗೆ ಹೊಟ್ಟಿ ತಿರುವಿ ಸಾಯೂ ರೋಗ ಬರತೈತಿ. ಹಗ್ಗ ಕೈಯಾಗ ಹಿಡೀಬ್ಯಾಡ್ರಿ, ನಾಯಿ ಕಾಲಿಗೂ ಸುತ್ತಬಾರದು, ಕೊಯ್ದ ಬಿಡತೈತಿ. ಹತ್ತು ತಿಂಗಳ ಹೆಣ್ಣಿನ್ನ ಈಗ ತಿರುವು ಓಡಸಬ್ಯಾಡ್ರಿ, ಎಲುಬು ಇನ್ನ ಕೂಡಿಲ್ಲ, ಹದಿನೈದು ತಿಂಗಳು ಆಗಲಿ. ಮುಧೋಳದ ಹತ್ರ ತಿಮ್ಮಾಪುರದಾಗ ಬೀದರ ಪಶು ವಿಶ್ವವಿದ್ಯಾಲಯದ್ದ ಶ್ವಾನ ಸಂಶೋಧನಾ ಕೇಂದ್ರ ಐತಿ, ತಳಿ ಬಗ್ಗೆ ಏನರ ಕೇಳೂದಿದ್ರ ಒಮ್ಮೆ ಹೋಗಿ ಬರ್ರಿ.

ಎರಿಹೊಲದಾಂವ, ರಾಣೇಬೆನ್ನೂರ

ಎಲ್ಲಾರಿಗೂ ಥ್ಯಾಂಕ್ಸ್ ರೀ. ಕಾಕಾ, ನಿಮ್ಮ ಬಿಳಿ ನಾಯಿ ಸುದ್ದಿ ಮನ್ಯಾಗ ಓದಿ ಹೇಳಿದೆ, ನಮ್ಮವ್ವ ಅವತ್ತ ಗಂಡು ನಾಯಿನ್ನ ತನ್ನ ಹಾಸಿಗಿ ಹತ್ರ ಮಲಗಿಸ್ಕೊಂಡ್ಳು. ಗೆಳ್ಯಾರಿಗೆ ಬರಂಗಿಲ್ಲ ಅಂತ ಹೇಳೀನಿ, ಇಬ್ಬರು ಸಿಟ್ಟಾಗ್ಯಾರ, ಒಬ್ಬಾಂವ ಮಾತ್ರ ಭಾನುವಾರ ಪೆಡಲ್ ತಿರುವಾಕ ಬಂದಿದ್ದ. ಗಂಡು ನಾಯಿ ಮೊದಲ ಸಲ ಚೀಲ ನೋಡಿ ಸುಮ್ನ ನಿಂತಿತ್ತು, ಎರಡನೇ ಸಲ ಬಿಟ್ಟ ಬಾಣ. ಹಂಗ ಓಡೂದನ್ನ ನಾನು ಇಷ್ಟು ದಿನದಾಗ ನೋಡಿರಲಿಲ್ಲ. ಚೀಲ ಹಿಡಿದು ಝಾಡಿಸಿ ತಂದು ನನ್ನ ಕಾಲ ಹತ್ರ ಹಾಕತು.

ಒಂದ ಕೆಲಸ ತಪ್ಪಿತು, ಗೊಂಜಾಳದ ಕೂಳಿ ಇದ್ದ ಹೊಲದಾಗ ಓಡಿಸಿದೆ, ಹಿಂಗಾಲಿನ ಅಂಗಾಲು ಹರದೈತಿ, ಒಂದು ರೂಪಾಯಿ ಅಗಲ ಚರ್ಮ ಜೋತಾಡತೈತಿ. ಏನ್ ಮಾಡ್ಲಿ?

ಧಾರವಾಡ ದನದ ಡಾಕ್ಟರ್

ಉಗುರುಬೆಚ್ಚಗಿನ ಉಪ್ಪು ನೀರಾಗ ತೊಳೀರಿ, ಕೂಳಿ ಚೂರು ಒಳಗ ಉಳದಿದ್ರ ತಗೀರಿ, ಪೊವಿಡೋನ್ ಅಯೋಡಿನ್ ಔಷಧ ಹಚ್ಚಿ ಸಡ್ಲಾಗಿ ಪಟ್ಟಿ ಕಟ್ರಿ, ದಿನಾ ಬದಲಿ ಮಾಡ್ರಿ. ಅರಿಶಿಣ ಪುಡಿ, ಸುಣ್ಣ ಏನೂ ತುಂಬಬ್ಯಾಡ್ರಿ. ಜೋತಾಡೂ ಚರ್ಮ ನೀವ ಕತ್ತರಸಾಕ ಹೋಗಬ್ಯಾಡ್ರಿ, ಇವತ್ತ ಹತ್ರದ ಪಶು ಆಸ್ಪತ್ರಿಗೆ ತೋರಸ್ರಿ, ಆಳ ಇದ್ರ ಹೊಲಿಗಿ ಬೇಕಾಗತೈತಿ. ಹತ್ತು ದಿನ ಓಟ ಬಂದ್. ಮುಂದಿನ ಸಲ ಹರಗಿ ಸಮ ಮಾಡಿದ ಹೊಲ ಹುಡುಕ್ರಿ, ಓಡಸೂ ಮೊದಲ ನೀವು ಬರಿಗಾಲಲ್ಲಿ ಒಮ್ಮೆ ಅದರಾಗ ಅಡ್ಡಾಡಿ ನೋಡ್ರಿ.