23 ಹುಟ್ಟುಹಬ್ಬಗಳ ಮೊರಾರ್ಜಿ

ಮೊರಾರ್ಜಿ ದೇಸಾಯಿಯವರು ಧಾರವಾಡದ ಕಡೆಯವರಲ್ಲ ಎಂಬುದನ್ನು ನಮ್ಮ ಪಾಟೀಲರಿಂದ ಒಪ್ಪಿಸಲು ನಾವು ನಾಲ್ವರೂ ಸೇರಿ ಸಾಕಷ್ಟು ಬೆವರು ಸುರಿಸಬೇಕಾಯಿತು. ದೇಸಾಯಿ ಎಂಬ ಅಡ್ಡಹೆಸರಿನವರು ಅವರ ಊರಿನ ಸುತ್ತಮುತ್ತ ಹೆಜ್ಜೆಗೊಬ್ಬರಂತೆ ಸಿಗುತ್ತಾರೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಫಲಕವಂತೂ ಕರ್ನಾಟಕದ ಯಾವ ಮೂಲೆಗೆ ಹೋದರೂ ಕಾಣುತ್ತದೆ. ಇಷ್ಟೆಲ್ಲ ಇದ್ದೂ ಆ ಮನುಷ್ಯ ಗುಜರಾತಿನ ವಲ್ಸಾಡ್ ಬಳಿಯ ಭದೇಲಿ ಎಂಬ ಊರಿನಲ್ಲಿ ಹುಟ್ಟಿದ್ದಾರೆಂದರೆ ಅದು ಉತ್ತರ ಕರ್ನಾಟಕಕ್ಕೆ ಬೇಕೆಂದೇ ಮಾಡಿದ ಅನ್ಯಾಯವೆಂಬುದು ಪಾಟೀಲರ ಖಚಿತ ಅಭಿಪ್ರಾಯ.

ಅವರ ಮುಖ ಬಾಡಿದ್ದನ್ನು ನೋಡಲಾರದೆ ಮೇಷ್ಟ್ರು ಒಂದು ಸಮಾಧಾನ ಹುಡುಕಿಕೊಟ್ಟರು. 1952ರಿಂದ 1956ರವರೆಗೆ ಮೊರಾರ್ಜಿಯವರು ಮುಂಬಯಿ ರಾಜ್ಯದ ಮುಖ್ಯಮಂತ್ರಿಯಾಗಿದ್ದರು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಆಗ ಅದೇ ರಾಜ್ಯದಲ್ಲಿದ್ದವು. ಆದ್ದರಿಂದ ಹುಟ್ಟಿನಿಂದಲ್ಲದಿದ್ದರೂ ಆಡಳಿತದಿಂದ ಅವರು ಪಾಟೀಲರ ಪೈಕಿಯೇ. ಪಾಟೀಲರು ಇದನ್ನು ಕೇಳಿ ಎದೆಯುಬ್ಬಿಸಿ, “ಹಾಗಾದರೆ ನಮ್ಮ ಮುಖ್ಯಮಂತ್ರಿ ಎನ್ನಿ” ಎಂದರು. “ಅನ್ನೋಣ, ಆದರೆ ಅವರ ಜೊತೆಗೆ ಅವರ ಪಾನನಿಷೇಧವನ್ನೂ ನಿಮ್ಮದೆಂದು ಒಪ್ಪಿಕೊಳ್ಳಬೇಕಾಗುತ್ತದೆ” ಎಂದು ಮೇಷ್ಟ್ರು ನೆನಪಿಸಿದ ಕೂಡಲೇ ಪಾಟೀಲರು ಸ್ವಲ್ಪ ಯೋಚಿಸಿ, ಭಾಷಾವಾರು ಪ್ರಾಂತ್ಯ ರಚನೆ ಒಳ್ಳೆಯದೇ ಆಯಿತೆಂದು ಒಪ್ಪಿಕೊಂಡರು.

ನಮ್ಮ ಗುಂಪಿನಲ್ಲಿ ಮೊರಾರ್ಜಿಯವರ ಅಧಿಕೃತ ಅಭಿಮಾನಿ ಎಂದರೆ ಬ್ಯಾಂಕಿನಿಂದ ನಿವೃತ್ತರಾದ ರಾಯರು. ಅವರಿಗೆ ಆ ನಾಯಕರ ಜೀವನ ಬಾಯಿಪಾಠ: 1918ರಲ್ಲಿ ಮುಂಬಯಿ ಪ್ರಾಂತ್ಯದ ಸರ್ಕಾರಿ ನೌಕರಿ, ಡೆಪ್ಯುಟಿ ಕಲೆಕ್ಟರ್ ಹುದ್ದೆ, 12 ವರ್ಷಗಳ ಬಳಿಕ 1930ರಲ್ಲಿ ರಾಜೀನಾಮೆ, ಸತ್ಯಾಗ್ರಹ, ಜೈಲು, ಮಂತ್ರಿಗಿರಿ, ಮತ್ತೆ ಜೈಲು, ಕೊನೆಗೆ ಪ್ರಧಾನಮಂತ್ರಿ ಪಟ್ಟ. “ಡೆಪ್ಯುಟಿ ಕಲೆಕ್ಟರ್ ನೌಕರಿಯನ್ನು ಬಿಟ್ಟವರು ಸ್ವಾಮಿ, ಇಂದು ಯಾರಾದರೂ ಬಿಡುತ್ತಾರೆಯೇ?” ಎಂದು ರಾಯರು ಕೇಳುತ್ತಾರೆ. ನೌಕರಿ ಬಿಟ್ಟರೇ ಹೊರತು ಡೆಪ್ಯುಟಿ ಕಲೆಕ್ಟರನ ಸ್ವಭಾವವನ್ನು ಅವರು ಕಡೆಯವರೆಗೂ ಬಿಡಲಿಲ್ಲ ಎಂಬುದು ನನ್ನ ಉತ್ತರ. ಎದುರಿಗೆ ಕುಳಿತವರು ಮತದಾರರಾಗಲಿ, ಸಹೋದ್ಯೋಗಿಗಳಾಗಲಿ, ಅರ್ಜಿ ಹಿಡಿದು ಬಂದವರಂತೆಯೇ ಅವರಿಗೆ ಕಾಣುತ್ತಿದ್ದರೇನೋ ಎಂಬ ಗುಮಾನಿ ನನಗೆ ಬಹಳ ದಿನಗಳಿಂದ ಇದೆ.

ಈ ಗುಮಾನಿಗೆ ಸರೋಜಮ್ಮನವರ ಪೂರ್ಣ ಬೆಂಬಲವಿದೆ. ಅವರಿಗೆ ಮೊರಾರ್ಜಿ ಎಂದರೆ ಚಿನ್ನದ ನಿಯಂತ್ರಣ, ಅಷ್ಟೆ. ಚೀನಾ ಯುದ್ಧದ ಬೆನ್ನಿಗೆ, 1963ರ ಜನವರಿಯಲ್ಲಿ, ಹಣಕಾಸು ಸಚಿವರಾಗಿದ್ದ ಮೊರಾರ್ಜಿಯವರು ಹೊಸದಾಗಿ ಮಾಡುವ ಒಡವೆ 14 ಕ್ಯಾರೆಟ್ ಮೀರಬಾರದೆಂಬ ನಿಯಮ ತಂದರು. ದೇಶದಲ್ಲಿ ವಿದೇಶಿ ವಿನಿಮಯದ ಕೊರತೆ ಇತ್ತು, ಚಿನ್ನದ ಕಳ್ಳಸಾಗಣೆ ಹೆಚ್ಚಾಗಿತ್ತು, ಜನರ ಚಿನ್ನದ ಹುಚ್ಚನ್ನು ಇಳಿಸಬೇಕಾಗಿತ್ತು ಎಂದೆಲ್ಲ ರಾಯರು ವಿವರಿಸಿದರು. “ಹುಚ್ಚು ಇಳಿಯಿತೇ?” ಎಂದು ಸರೋಜಮ್ಮನವರು ಕೇಳಿದರು. ಇಳಿಯಲಿಲ್ಲ. ಇಳಿದದ್ದು ಅಕ್ಕಸಾಲಿಗರ ಹೊಟ್ಟೆಪಾಡು ಮಾತ್ರ. ತಲೆತಲಾಂತರದ ಕಸುಬು ಬಿಟ್ಟು ಬೀದಿಗೆ ಬಿದ್ದ ಕುಟುಂಬಗಳ ಕಥೆ ಆ ಕಾಲದವರಿಗೆ ಇನ್ನೂ ಮರೆತಿಲ್ಲ. “ಹೆಣ್ಣುಮಕ್ಕಳ ಮಾಂಗಲ್ಯದ ಮೇಲೆ ಕಣ್ಣು ಹಾಕಿದವರು ಪ್ರಧಾನಿಯಾಗಲು ಅಷ್ಟು ವರ್ಷ ಕಾದದ್ದು ಆಶ್ಚರ್ಯವಲ್ಲ ರಾಯರೇ, ಆದದ್ದೇ ಆಶ್ಚರ್ಯ” ಎಂದು ಅವರು ತೀರ್ಪು ಕೊಟ್ಟುಬಿಟ್ಟರು.

ಕಾದದ್ದಂತೂ ನಿಜ, ಮತ್ತು ನಮ್ಮ ಹರಟೆ ಹೆಚ್ಚು ಹೊತ್ತು ನಿಂತದ್ದೂ ಅಲ್ಲಿಯೇ. 1963ರ ಕಾಮರಾಜ ಯೋಜನೆಯಂತೆ ಪಕ್ಷದ ಕೆಲಸಕ್ಕೆಂದು ಮಂತ್ರಿಪದವಿ ಬಿಟ್ಟವರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರೂ ಇದ್ದರು, ಮೊರಾರ್ಜಿಯವರೂ ಇದ್ದರು. ಶಾಸ್ತ್ರಿಗಳು ಕೆಲವೇ ತಿಂಗಳಲ್ಲಿ ಸಂಪುಟಕ್ಕೆ ಮರಳಿದರು. ಮೊರಾರ್ಜಿಯವರು ಪಕ್ಷದ ಕೆಲಸದಲ್ಲಿಯೇ ಉಳಿದರು. 1964ರಲ್ಲಿ ನೆಹರೂ ತೀರಿಕೊಂಡಾಗ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಕಾಮರಾಜರು ಸಂಸದರ ಒಲವು ವಿಚಾರಿಸಿ ನೋಡಿ, ಬಹುಮತ ಶಾಸ್ತ್ರಿಗಳ ಕಡೆಗಿದೆ ಎಂದರು. 1966ರಲ್ಲಿ ಶಾಸ್ತ್ರಿಗಳು ತೀರಿಕೊಂಡಾಗ ಮೊರಾರ್ಜಿಯವರು ಈ ಒಲವು ವಿಚಾರಿಸುವ ವ್ಯವಹಾರವೇ ಬೇಡ, ಮತದಾನವೇ ಆಗಲಿ ಎಂದು ಪಟ್ಟು ಹಿಡಿದರು. ಮತದಾನ ಆಯಿತು. ಇಂದಿರಾ ಗಾಂಧಿಯವರಿಗೆ 355, ಇವರಿಗೆ 169.

“ಸೋಲುತ್ತೇನೆಂದು ಗೊತ್ತಿದ್ದೂ ಲೆಕ್ಕ ಹಾಕಿಸಿದರಲ್ಲ, ಅದು ಪ್ರಜಾಪ್ರಭುತ್ವ” ಎಂದರು ರಾಯರು.

“ಲೆಕ್ಕ ಹಾಕಿಸಿ ಸೋತರಲ್ಲ, ಅದೂ ಪ್ರಜಾಪ್ರಭುತ್ವವೇ” ಎಂದರು ಮೇಷ್ಟ್ರು.

ಮುಂದಿನ ಅಧ್ಯಾಯ ರಾಯರಿಗೆ ಸ್ವಲ್ಪ ಇಕ್ಕಟ್ಟಿನದು. 1967ರಲ್ಲಿ ಉಪಪ್ರಧಾನಿಯೂ ಹಣಕಾಸು ಸಚಿವರೂ ಆದ ಮೊರಾರ್ಜಿಯವರಿಗೆ ಬ್ಯಾಂಕುಗಳ ಮೇಲೆ ಸಾಮಾಜಿಕ ನಿಯಂತ್ರಣವಿದ್ದರೆ ಸಾಕೆನಿಸಿತ್ತು, ರಾಷ್ಟ್ರೀಕರಣ ಬೇಕಿರಲಿಲ್ಲ. 1969ರ ಜುಲೈಯಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಕಾಂಗ್ರೆಸ್ಸಿನ ಸಭೆ ಸೇರಿ, ನಮ್ಮ ನಿಜಲಿಂಗಪ್ಪನವರ ಅಧ್ಯಕ್ಷತೆಯಲ್ಲಿಯೇ ಜಗಳ ಬಲಿತು, ಹಿರಿಯರು ಸಂಜೀವ ರೆಡ್ಡಿಯವರನ್ನು ರಾಷ್ಟ್ರಪತಿ ಅಭ್ಯರ್ಥಿಯೆಂದು ನಿಶ್ಚಯಿಸಿದರು. ಕೆಲವೇ ದಿನಗಳಲ್ಲಿ ಇಂದಿರಾ ಅವರು ಮೊರಾರ್ಜಿಯವರಿಂದ ಹಣಕಾಸು ಖಾತೆಯನ್ನು ಕಿತ್ತುಕೊಂಡರು, ಇವರು ಉಪಪ್ರಧಾನಿ ಪದವಿಯನ್ನೂ ಬಿಸಾಡಿದರು, ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ರಾಯರು ನೌಕರಿ ಮಾಡಿದ್ದು ಆ 14ರಲ್ಲಿ ಒಂದರಲ್ಲಿ. ಅವರ ಆರಾಧ್ಯದೈವವನ್ನು ಗುಡಿಯಿಂದ ಹೊರಗೆ ಹಾಕಿದ್ದರಿಂದಲೇ ಅವರ ಪಿಂಚಣಿ ಹುಟ್ಟಿತೆಂದು ಪಾಟೀಲರು ತಮಾಷೆ ಮಾಡಿದಾಗ, ಪಿಂಚಣಿ ಬೇರೆ, ತತ್ತ್ವ ಬೇರೆ ಎಂದು ರಾಯರು ಗಂಭೀರವಾಗಿ ನುಡಿದರು. ಪ್ರತಿ ತಿಂಗಳ ಕೊನೆಗೆ ಅವರು ಯಾವುದನ್ನು ಪರೀಕ್ಷಿಸಲು ಬ್ಯಾಂಕಿಗೆ ಹೋಗುತ್ತಾರೆಂಬುದು ನಮಗೆ ಗೊತ್ತಿದೆ.

ಮಾತಿನ ದಿಕ್ಕು ಬದಲಿಸಲು ರಾಯರು ಹುಟ್ಟುಹಬ್ಬದ ವಿಷಯ ತೆಗೆದರು. ಮೊರಾರ್ಜಿಯವರು ಮಂಡಿಸಿದ್ದು ಒಟ್ಟು 10 ಬಜೆಟ್‌ಗಳು. ಅವುಗಳಲ್ಲಿ 1968ರದ್ದನ್ನು ಮಂಡಿಸಿದ್ದು ಫೆಬ್ರವರಿ 29ರಂದು, ಅಂದರೆ ತಮ್ಮ ಹುಟ್ಟುಹಬ್ಬದ ದಿನವೇ. ನಾಲ್ಕು ವರ್ಷಕ್ಕೊಮ್ಮೆ ಬರುವ ಹುಟ್ಟುಹಬ್ಬಕ್ಕೂ ಸಿಹಿ ಹಂಚದೆ ತೆರಿಗೆ ಹಂಚಿದರಲ್ಲ ಎಂದು ಸರೋಜಮ್ಮನವರು ಮರುಗಿದರು. ಗಣಿತದ ಮೇಷ್ಟ್ರಿಗೆ ಇಷ್ಟು ಸಾಕಾಯಿತು. ಹುಟ್ಟಿದ್ದು 1896ರಲ್ಲಿ, 1900 ನೂರರಿಂದ ಭಾಗವಾಗಿ ನಾನ್ನೂರರಿಂದ ಭಾಗವಾಗದ್ದರಿಂದ ಅಧಿಕ ವರ್ಷವಲ್ಲ, ಆದ್ದರಿಂದ ಮೊದಲನೆಯ ಹುಟ್ಟುಹಬ್ಬ ಎಂಟು ತುಂಬಿದಾಗ, 1904ರಲ್ಲಿ. ಅಲ್ಲಿಂದ ಎಣಿಸಿದರೆ 1977ರ ಮಾರ್ಚ್ 24ರಂದು ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸುವ ಹೊತ್ತಿಗೆ ಆಗಿದ್ದವು 19 ಹುಟ್ಟುಹಬ್ಬಗಳು, 1995ರ ಏಪ್ರಿಲ್‌ನಲ್ಲಿ ತೀರಿಕೊಳ್ಳುವ ಹೊತ್ತಿಗೆ 23. “ಲೋಕಸಭೆಗೆ ನಿಲ್ಲಲು ಸಂವಿಧಾನ 25 ಕೇಳುತ್ತದೆ, ಈ ಲೆಕ್ಕದಲ್ಲಿ ಆ ಪುಣ್ಯಾತ್ಮ ಸೂರತ್ತಿನಿಂದ ಅಷ್ಟು ಸಲ ಗೆದ್ದದ್ದೆಲ್ಲ ಅಸಿಂಧು” ಎಂದು ಮೇಷ್ಟ್ರು ಘೋಷಿಸಿದರು. 81ನೆಯ ವಯಸ್ಸಿನಲ್ಲಿ ಪ್ರಧಾನಿಯಾದವರ ಬಗ್ಗೆ ವಯಸ್ಸು ಸಾಲದೆಂಬ ಆಕ್ಷೇಪ ಎತ್ತಿದವರು ಬಹುಶಃ ನಮ್ಮ ಮೇಷ್ಟ್ರು ಒಬ್ಬರೇ.

ಅವರ ಆರೋಗ್ಯದ ಗುಟ್ಟು ಎಂದು ಪಾಟೀಲರು ಬಾಯಿ ತೆರೆಯುತ್ತಿದ್ದಂತೆ ಸರೋಜಮ್ಮನವರು ಕೈಯೆತ್ತಿ ತಡೆದರು. ಸ್ವಮೂತ್ರಪಾನದ ಆ ಲೋಟದ ವಿಷಯ ಇಡೀ ಪ್ರಪಂಚಕ್ಕೇ ಗೊತ್ತು, ಅವರೂ ಮುಚ್ಚಿಟ್ಟವರಲ್ಲ, ಮುಂದಕ್ಕೆ ಹೋಗೋಣ.

ತುರ್ತು ಪರಿಸ್ಥಿತಿಯಲ್ಲಿ ಸುಮಾರು 19 ತಿಂಗಳು ಬಂಧನದಲ್ಲಿದ್ದು ಹೊರಬಂದ ವೃದ್ಧರನ್ನು, 1977ರ ಚುನಾವಣೆಯಲ್ಲಿ ಜನತಾ ಪಕ್ಷ ಗೆದ್ದಾಗ, ಜಯಪ್ರಕಾಶ ನಾರಾಯಣರೂ ಆಚಾರ್ಯ ಕೃಪಲಾನಿಯವರೂ ಸೇರಿ ಪ್ರಧಾನಿ ಎಂದು ಆರಿಸಿದರು. ಜಗಜೀವನ ರಾಮರಿಗೆ ಸಿಗುವುದು ಚರಣ್ ಸಿಂಗರಿಗೆ ಬೇಡ, ಚರಣ್ ಸಿಂಗರಿಗೆ ಸಿಗುವುದು ಉಳಿದವರಿಗೆ ಬೇಡ. ಯಾರಿಗೂ ಅಷ್ಟಾಗಿ ಬೇಕಾಗಿಲ್ಲದ್ದೇ ಮೊರಾರ್ಜಿಯವರ ಅರ್ಹತೆಯಾಯಿತು. ಕನ್ನಡಿಗರಂತೂ ಈ ಪಾಪದಲ್ಲಿ ಹೆಚ್ಚು ಭಾಗಿಗಳಲ್ಲ: ಇಲ್ಲಿನ 28 ಸ್ಥಾನಗಳಲ್ಲಿ 26 ಆಗಲೂ ಕಾಂಗ್ರೆಸ್ಸಿಗೇ ಹೋಗಿದ್ದವು, ಮರುವರ್ಷ ಚಿಕ್ಕಮಗಳೂರು ಇಂದಿರಾ ಅವರನ್ನೇ ಗೆಲ್ಲಿಸಿ ದೆಹಲಿಗೆ ಕಳುಹಿಸಿತು.

“ಆದರೆ ಕೆಲಸ ನೋಡಿ” ಎಂದು ರಾಯರು ಬಿಡಲಿಲ್ಲ. 1978ರ ಜನವರಿಯಲ್ಲಿ ಸಾವಿರ, ಐದು ಸಾವಿರ, ಹತ್ತು ಸಾವಿರ ರೂಪಾಯಿಗಳ ನೋಟು ರದ್ದಾದವು. ನಮ್ಮ ಐವರ ಮನೆಗಳಲ್ಲಿ ಅಂಥ ನೋಟನ್ನು ಕಂಡವರೇ ಇರಲಿಲ್ಲವಾದ್ದರಿಂದ ಈ ಕ್ರಮಕ್ಕೆ ನಮ್ಮ ಅವಿರೋಧ ಬೆಂಬಲವಿತ್ತು. ಆದರೆ 44ನೆಯ ತಿದ್ದುಪಡಿಯ ಮಾತು ಬಂದಾಗ ಹಾಸ್ಯ ಮಾಡಲು ನನಗೂ ಮನಸ್ಸಾಗಲಿಲ್ಲ. ಆಂತರಿಕ ಗಲಭೆ ಎಂಬ ನೆಪ ಹೇಳಿ ತುರ್ತು ಪರಿಸ್ಥಿತಿ ಹೇರುವ ದಾರಿಯನ್ನು ಅದು ಮುಚ್ಚಿತು. ಸಶಸ್ತ್ರ ಬಂಡಾಯವೇ ಇರಬೇಕು, ಸಂಪುಟ ಲಿಖಿತವಾಗಿ ತಿಳಿಸಬೇಕು ಎಂದು ಮಾಡಿತು. ಯಾರನ್ನೂ ಮೆಚ್ಚಿಸಲು ಬಾರದ ಮನುಷ್ಯನ ಸರ್ಕಾರ ಮಾಡಿದ ಈ ಒಂದು ಕೆಲಸದ ನೆರಳಿನಲ್ಲಿ ಅವರನ್ನು ಮೆಚ್ಚದವರೂ ಕುಳಿತಿದ್ದೇವೆ.

ಸರ್ಕಾರ ಮಾತ್ರ ತನ್ನನ್ನು ತಾನು ಉಳಿಸಿಕೊಳ್ಳಲಿಲ್ಲ. ಜಗಳವಾಡಿ ಹೊರಗೆ ಹೋಗಿದ್ದ ಚರಣ್ ಸಿಂಗರನ್ನು 1979ರ ಜನವರಿಯಲ್ಲಿ ಕರೆತಂದು ಉಪಪ್ರಧಾನಿ ಮಾಡಿದರು. ಅವರೊಬ್ಬರನ್ನೇ ಮಾಡಿದರೆ ಮುನಿಸೆಂದು ಜಗಜೀವನ ರಾಮರನ್ನೂ ಮಾಡಿದರು. ಎರಡು ಕಡೆಯಿಂದಲೂ ಉಪಪ್ರಧಾನಿಗಳು ಒತ್ತಿದರೆ ನಡುವಿನವರು ಮೇಲೇಳದೆ ಏನು ಮಾಡಿಯಾರು? ಜುಲೈ 15ರಂದು ಮೊರಾರ್ಜಿಯವರು ರಾಜೀನಾಮೆ ಕೊಟ್ಟರು. ಆದರೂ ಬಹುಮತ ತಮಗೇ ಇದೆಯೆಂದು ಸಂಸದರ ಪಟ್ಟಿ ಹಿಡಿದು ರಾಷ್ಟ್ರಪತಿಗಳ ಮುಂದೆ ನಿಂತರು. ಆ ರಾಷ್ಟ್ರಪತಿ ಯಾರೆಂದರೆ, ಹತ್ತು ವರ್ಷಗಳ ಹಿಂದೆ ಯಾರ ಅಭ್ಯರ್ಥಿತನಕ್ಕಾಗಿ ಕಾಂಗ್ರೆಸ್ಸೇ ಎರಡಾಯಿತೋ ಅದೇ ಸಂಜೀವ ರೆಡ್ಡಿಯವರು. ಅವರು ಕರೆದದ್ದು ಚರಣ್ ಸಿಂಗರನ್ನು. ಅವರೋ ಒಂದು ದಿನವೂ ಸಂಸತ್ತನ್ನು ಎದುರಿಸದೆ ತಿಂಗಳೊಳಗೆ ರಾಜೀನಾಮೆಯಿತ್ತರು.

“ಏನಾದರೇನು, ಜಗಜೀವನ ರಾಮರು, ಇಂದಿರಾ, ಚರಣ್ ಸಿಂಗರು ಎಲ್ಲರೂ ಹೋದ ಮೇಲೂ ನಮ್ಮವರು ಇದ್ದರು, 1991ರಲ್ಲಿ ಭಾರತರತ್ನ ಪಡೆದು, 99 ದಾಟಿದ ಮೇಲೆ ಹೋದರು. ಎದುರಾಳಿಗಳೆಲ್ಲರಿಗಿಂತ ಹೆಚ್ಚು ಬಾಳಿದರು” ಎಂದು ರಾಯರು ಕೊನೆಯ ಬಾಣ ಬಿಟ್ಟರು.

“ಸಂಜೀವ ರೆಡ್ಡಿಯವರನ್ನು ಬಿಟ್ಟು, ಅವರು ಹೋದದ್ದು 1996ರಲ್ಲಿ” ಎಂದರು ಮೇಷ್ಟ್ರು.