ಅತ್ತೆಯ ಕಂಪ್ಯೂಟರಿನ ಗರಗರ ಸದ್ದಿಗೆ ಉತ್ತರ

ಅತ್ತೆ, ನೀವು ಬೆಳಿಗ್ಗೆ ಗುಂಪಿಗೆ ಹಾಕಿದ ಸದ್ದಿನ ತುಣುಕನ್ನು ಹೆಡ್‌ಫೋನ್ ಹಾಕಿಕೊಂಡು ಮತ್ತೆ ಮತ್ತೆ ಕೇಳಿದೆ. ಸ್ವಿಚ್ ಒತ್ತಿದ ಕೂಡಲೇ ಗರಗರ ಎಂದು ಶುರುವಾಗುತ್ತದೆ, ಸ್ವಲ್ಪ ಹೊತ್ತಾದ ಮೇಲೆ ತಾನಾಗಿಯೇ ಇಳಿಯುತ್ತದೆ, ಚಳಿಯ ದಿನ ಜಾಸ್ತಿ ಎಂದಿದ್ದೀರಿ. ಅಂಗಡಿಯವನು ಡಬ್ಬಿಯನ್ನು ತೆರೆದೂ ನೋಡದೆ ‘ಹಳೆಯದಾಯಿತು, ಹೊಸ ಕಂಪ್ಯೂಟರನ್ನೇ ತೆಗೆದುಕೊಳ್ಳಿ’ ಎಂದನಂತೆ. ಅದನ್ನು ಕೇಳಿ ನನಗೆ ನಿಜವಾಗಿಯೂ ಸಿಟ್ಟು ಬಂತು. ದಯವಿಟ್ಟು ಹೊಸದನ್ನು ಕೊಳ್ಳಬೇಡಿ. ತೋಟದ ಲೆಕ್ಕ ಬರೆಯುವುದಕ್ಕೆ, ಅಜ್ಜನ ಟಿಪ್ಪಣಿಗಳನ್ನು ‘ನುಡಿ’ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುವುದಕ್ಕೆ ಆ ಯಂತ್ರ ಧಾರಾಳವಾಗಿ ಸಾಕು. ನನಗೆ ಕೇಳಿಸಿದ ಮಟ್ಟಿಗೆ ಸವೆದಿರುವುದು ಒಂದು ಫ್ಯಾನು. ಯಾವ ಫ್ಯಾನು ಎಂದು ಪತ್ತೆ ಮಾಡುವುದೇ ಇಲ್ಲಿ ದೊಡ್ಡ ಕೆಲಸ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಸಂಜೆ ಬಿಡುವಾದಾಗ ಕೇಳಿ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಗರಗರದ ನಡುವೆ ಎಲ್ಲಾದರೂ ‘ಕಟ್, ಕಟ್’ ಎಂಬ ಸದ್ದು ಬರುತ್ತದೆಯೇ ಎಂದು ಗಮನಿಸಿ. ಅದು ಬಂದರೆ ಫ್ಯಾನಿನದಲ್ಲ, ಹಾರ್ಡ್ ಡಿಸ್ಕಿನದು. ಹಾಗಿದ್ದರೆ ಮಿಕ್ಕದ್ದನ್ನೆಲ್ಲ ಬಿಟ್ಟು ಕಡತಗಳನ್ನು ನಕಲು ಮಾಡಿಕೊಳ್ಳಬೇಕು. ಬರದಿದ್ದರೂ ಅಜ್ಜನ ಟಿಪ್ಪಣಿಗಳನ್ನು ಇವತ್ತೇ ಒಂದು ಪೆನ್ ಡ್ರೈವಿಗೆ ಹಾಕಿಡಿ. ಆ ಕೈಬರಹದ ಹಾಳೆಗಳು ಯಾವ ಸ್ಥಿತಿಯಲ್ಲಿವೆ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ನಿಮ್ಮ ಕ್ಯಾಬಿನೆಟ್ಟಿನಲ್ಲಿ, ಅಂದರೆ ಕಂಪ್ಯೂಟರಿನ ಹೊರಗವಚದಲ್ಲಿ, ಮೂರು ಫ್ಯಾನುಗಳಿವೆ: ಲೆಕ್ಕವನ್ನೆಲ್ಲ ಮಾಡುವ ಚಿಪ್ಪಾದ ಪ್ರೊಸೆಸರಿನ ಮೇಲೆ ಒಂದು, ಹಿಂಬದಿಯಲ್ಲಿ ಗಾಳಿ ಹೊರಹಾಕುವುದು ಒಂದು, ಕರೆಂಟಿನ ವೈರು ಚುಚ್ಚುವ, ಮನೆಯ ಕರೆಂಟನ್ನು ಕಂಪ್ಯೂಟರಿಗೆ ತಕ್ಕಂತೆ ಬದಲಿಸಿಕೊಡುವ ಎಸ್‌ಎಂಪಿಎಸ್ ಡಬ್ಬಿಯ ಒಳಗೆ ಒಂದು. ಅಗ್ಗದ ಫ್ಯಾನುಗಳಲ್ಲಿ ನಡುವಿನ ಕಡ್ಡಿ ಒಂದು ಸಣ್ಣ ಲೋಹದ ತೋಳಿನೊಳಗೆ ಎಣ್ಣೆಯ ತೆಳುಪದರದ ಮೇಲೆ ತಿರುಗುತ್ತದೆ. ವರ್ಷಗಳು ಕಳೆದಂತೆ ಎಣ್ಣೆ ಒಣಗುತ್ತದೆ, ದೂಳು ಸೇರಿ ಅಂಟಾಗುತ್ತದೆ. ತಣ್ಣಗಿರುವಾಗ ಆ ಅಂಟು ಗಟ್ಟಿಯಾಗಿದ್ದು ಕಡ್ಡಿ ಅಲುಗಾಡಿ ಸದ್ದಾಗುತ್ತದೆ. ಬಿಸಿಯೇರಿದ ಮೇಲೆ ಸಡಿಲವಾಗಿ ಸದ್ದು ತಗ್ಗುತ್ತದೆ. ನೀವು ಹೇಳಿದ ಲಕ್ಷಣಗಳು ಇದಕ್ಕೆ ಸರಿಯಾಗಿ ಹೊಂದುತ್ತವೆ. ಇನ್ನು ಸ್ವಲ್ಪ ಕಾಲಕ್ಕೆ ಅದು ಬಿಸಿಯಾದರೂ ತಗ್ಗುವುದಿಲ್ಲ, ಆಮೇಲೆ ಒಂದು ದಿನ ತಿರುಗುವುದನ್ನೇ ನಿಲ್ಲಿಸುತ್ತದೆ. ಅದಕ್ಕೇ ಮುಂದೂಡಬೇಡಿ ಎನ್ನುತ್ತಿದ್ದೇನೆ.

ಪತ್ತೆ ಮಾಡುವ ಬಗೆ ಹೀಗೆ. ಒಂದು ಪತ್ರಿಕೆಯನ್ನು ಕೊಳವೆಯಂತೆ ಸುತ್ತಿ, ಒಂದು ತುದಿಯನ್ನು ಕಿವಿಗೆ ಇಟ್ಟುಕೊಂಡು ಇನ್ನೊಂದು ತುದಿಯನ್ನು ಹೊರಗಿನಿಂದ ಒಂದೊಂದು ಜಾಗಕ್ಕೂ ಹಿಡಿಯಿರಿ. ಸದ್ದು ಎಲ್ಲಿಂದ ಎಂಬುದು ಬಹಳ ಸ್ಪಷ್ಟವಾಗಿ ತಿಳಿಯುತ್ತದೆ. ಅನುಮಾನ ಉಳಿದರೆ ಕಂಪ್ಯೂಟರ್ ಆರಿಸಿ, ಗೋಡೆಯ ಪ್ಲಗ್ ಕಿತ್ತು, ಪಕ್ಕದ ಮುಚ್ಚಳ ತೆಗೆದು, ಹಿಂಬದಿಯ ಫ್ಯಾನಿನ ವೈರನ್ನು ಮದರ್‌ಬೋರ್ಡಿನಿಂದ (ಎಲ್ಲ ಭಾಗಗಳನ್ನೂ ಜೋಡಿಸಿರುವ ದೊಡ್ಡ ಹಲಗೆಯಿಂದ) ಬಿಡಿಸಿ. ಮತ್ತೆ ಪ್ಲಗ್ ಹಾಕಿ ಒಂದೆರಡು ನಿಮಿಷ ಓಡಿಸಿ ನೋಡಿ. ಸದ್ದು ನಿಂತರೆ ಕಳ್ಳ ಸಿಕ್ಕಿದ ಹಾಗೆ. ಪ್ರೊಸೆಸರಿನ ಫ್ಯಾನನ್ನು ಮಾತ್ರ ಹೀಗೆ ಬಿಡಿಸಬೇಡಿ, ಅದಿಲ್ಲದೆ ಪ್ರೊಸೆಸರ್ ಬೇಗ ಕಾಯುತ್ತದೆ. ಮುಚ್ಚಳ ತೆಗೆದಾಗ ಯಾವುದಾದರೂ ವೈರು ರೆಕ್ಕೆಗೆ ತಾಗುತ್ತಿದೆಯೇ, ಜೇಡರ ಬಲೆ ಸಿಕ್ಕಿಕೊಂಡಿದೆಯೇ ಎಂದೂ ನೋಡಿ. ಮಲೆನಾಡಿನ ಮನೆಗಳಲ್ಲಿ ಇದು ತೀರಾ ಸಾಮಾನ್ಯ, ಅಷ್ಟೇ ಆಗಿದ್ದರೆ ಖರ್ಚೇ ಇಲ್ಲ.

ಇನ್ನೊಂದು ಪರೀಕ್ಷೆ ನಿಮ್ಮ ಊರಿಗೆ ಬಹಳ ಮುಖ್ಯ. ಕರೆಂಟ್ ಹೋಗಿ ಇನ್ವರ್ಟರಿನಲ್ಲಿ ಓಡುವಾಗ ಸದ್ದು ಬದಲಾಗುತ್ತದೆಯೇ? ಹಳೆಯ ಇನ್ವರ್ಟರುಗಳು, ಅಗ್ಗದ ಯುಪಿಎಸ್‌ಗಳು ಕೊಡುವ ವಿದ್ಯುತ್ತಿನ ಅಲೆ ನುಣುಪಾಗಿರದೆ ಮೆಟ್ಟಿಲು ಮೆಟ್ಟಿಲಾಗಿರುತ್ತದೆ. ಆಗ ಎಸ್‌ಎಂಪಿಎಸ್‌ನ ಒಳಗಿನ ಸುರುಳಿಗಳು ‘ಝುಂ’ ಎಂದು ಕಂಪಿಸುತ್ತವೆ. ಸದ್ದು ಇನ್ವರ್ಟರಿನಲ್ಲಿ ಮಾತ್ರ ಬರುವುದಾದರೆ ಫ್ಯಾನು ಬದಲಿಸಿ ಪ್ರಯೋಜನವಿಲ್ಲ, ಆಗ ಇನ್ವರ್ಟರಿನ ಕಡೆ ನೋಡಬೇಕು.

ಚಿಕ್ಕಪ್ಪ, ನೀವು ಎರಡು ಹನಿ ಕೊಬ್ಬರಿ ಎಣ್ಣೆ ಬಿಡಲು ಹೇಳಿದ್ದೀರಿ. ಬೇಡ ಚಿಕ್ಕಪ್ಪ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ನಿಮ್ಮ ಸಾಗರ ಊರಿನ ಮಾರ್ಗಶಿರದ ಬೆಳಗಿನಲ್ಲಿ ಅದು ಫ್ಯಾನಿನೊಳಗೆ ತುಪ್ಪದ ಹಾಗೆ ಕೂರುತ್ತದೆ, ಮತ್ತೆ ದೂಳನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಹೊಸ ಫ್ಯಾನು ಬರುವವರೆಗೆ ನಾಲ್ಕು ದಿನ ತಳ್ಳಬೇಕು ಎಂದಾದರೆ, ಹಿಂಬದಿಯ ಫ್ಯಾನನ್ನು ಬಿಚ್ಚಿ, ನಡುವಿನ ಚೀಟಿ ಎತ್ತಿ, ಕೆಳಗೆ ಕಡ್ಡಿ ಕಾಣುವ ಹಾಗಿದ್ದರೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಡಬಹುದು. ಅದೂ ತಾತ್ಕಾಲಿಕವೇ. ತಮ್ಮ, ನೀನು ಫ್ಯಾನಿನ ವೈರು ಕಿತ್ತು ಸುಮ್ಮನೆ ಬಿಡಿ ಎಂದು ಬರೆದಿದ್ದೀಯ. ಅದನ್ನಂತೂ ಖಂಡಿತ ಮಾಡಬಾರದು. ಒಳಗೆ ವಿದ್ಯುತ್ತನ್ನು ಸ್ವಲ್ಪ ಹೊತ್ತು ಹಿಡಿದಿಡುವ ಕೆಪಾಸಿಟರುಗಳ ಆಯುಸ್ಸು ಬಿಸಿ 10 ಡಿಗ್ರಿ ಏರಿದರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಪರೀಕ್ಷೆಗೆಂದು ಎರಡು ನಿಮಿಷ ಬಿಡಿಸುವುದು ಬೇರೆ, ದಿನವಿಡೀ ಫ್ಯಾನಿಲ್ಲದೆ ಓಡಿಸುವುದು ಬೇರೆ.

ಹಿಂಬದಿಯ ಫ್ಯಾನೇ ಆದರೆ ಕೆಲಸ ಸುಲಭ. ಅಂಚಿನಿಂದ ಅಂಚಿಗೆ ಅಳೆಯಿರಿ: 80, 92 ಅಥವಾ 120 ಮಿಲಿಮೀಟರ್ ಇರುತ್ತದೆ. ಕ್ಯಾಬಿನೆಟ್ಟಿನಲ್ಲಿ ದೊಡ್ಡದಕ್ಕೆ ರಂಧ್ರಗಳಿದ್ದರೆ ದೊಡ್ಡದನ್ನೇ ಹಾಕೋಣ. ಅಷ್ಟೇ ಗಾಳಿಯನ್ನು ದೊಡ್ಡ ಫ್ಯಾನು ನಿಧಾನವಾಗಿ ತಿರುಗಿಯೇ ಸಾಗಿಸುತ್ತದೆ, ವೇಗ ಇಳಿದರೆ ಸದ್ದು ಬಹಳ ಬೇಗ ಇಳಿಯುತ್ತದೆ. ಹಾಕುವಾಗ ದಿಕ್ಕು ತಪ್ಪಬಾರದು. ಚೌಕಟ್ಟಿನ ಅಡ್ಡಪಟ್ಟಿಗಳಿರುವ ಬದಿಯಿಂದ ಗಾಳಿ ಹೊರಬರುತ್ತದೆ, ಆ ಬದಿ ಹೊರಮುಖವಾಗಿರಬೇಕು. ಮೂರು ಪಿನ್ನಿನ ಫ್ಯಾನು ನಾಲ್ಕು ಪಿನ್ನಿನ ಜಾಗಕ್ಕೂ ಕೂರುತ್ತದೆ. ಆದರೆ ಅದು ಸದಾ ಪೂರ್ಣ ವೇಗದಲ್ಲೇ ಓಡುತ್ತಿದ್ದರೆ ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪರದೆಯಲ್ಲಿ) ಒಂದು ಆಯ್ಕೆ ಬದಲಿಸಬೇಕಾಗುತ್ತದೆ. ಅದನ್ನು ನಾನು ವೀಡಿಯೊ ಕರೆಯಲ್ಲಿ ಹೇಳಿಕೊಡುತ್ತೇನೆ. ಪ್ರೊಸೆಸರಿನ ಫ್ಯಾನಾದರೆ ನನಗೆ ಫೋಟೊ ಕಳುಹಿಸಿ, ಅದರ ಹಿಡಿಕೆಗಳು ಪ್ರೊಸೆಸರಿಗೆ ತಕ್ಕಂತೆ ಬೇರೆ ಬೇರೆ ಇರುತ್ತವೆ.

ನನ್ನ ಊಹೆ ಎಸ್‌ಎಂಪಿಎಸ್ ಮೇಲೆಯೇ ಇದೆ, ಆದ್ದರಿಂದ ಅದರ ಬಗ್ಗೆ ಸರಿಯಾಗಿ ಕೇಳಿ ಅತ್ತೆ. ಆ ಡಬ್ಬಿಯನ್ನು ಯಾರೂ ಬಿಚ್ಚಬಾರದು. ಊರಿನ ರೇಡಿಯೊ ರಿಪೇರಿಯವರು ‘ಒಳಗಿನ ಫ್ಯಾನು ಮಾತ್ರ ಹಾಕಿಕೊಡುತ್ತೇನೆ’ ಎಂದರೂ ಬೇಡ ಎನ್ನಿ. ಮನೆಗೆ ಬರುವ 230 ವೋಲ್ಟ್ ಅದರೊಳಗೆ 300 ವೋಲ್ಟಿಗೂ ಮೀರಿದ ಏಕಮುಖ ವಿದ್ಯುತ್ತಾಗಿ ಕೆಪಾಸಿಟರುಗಳಲ್ಲಿ ತುಂಬಿಕೊಂಡಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು, ಮುಟ್ಟಿದರೆ ಪ್ರಾಣಕ್ಕೇ ಅಪಾಯ. ನೂರಾರು ರೂಪಾಯಿ ಉಳಿಸಲು ಹೋಗಿ ಅಂಥ ಅಪಾಯ ತಂದುಕೊಳ್ಳುವ ಅಗತ್ಯ ನಮಗಿಲ್ಲ. ಇಡೀ ಡಬ್ಬಿಯನ್ನೇ ಬದಲಿಸೋಣ. ನಿಮ್ಮದು ಅಂಗಡಿಯಲ್ಲಿ ಜೋಡಿಸಿದ ಯಂತ್ರವಾದ್ದರಿಂದ ಅನುಕೂಲವಿದೆ. ಇಂಟೆಲ್ 1995ರಲ್ಲಿ ತಂದ ಎಟಿಎಕ್ಸ್ ಅಳತೆಯ ಡಬ್ಬಿಗಳು ಇವತ್ತಿಗೂ ಅದೇ ನಾಲ್ಕು ಸ್ಕ್ರೂಗಳ ಜಾಗಕ್ಕೆ ಕೂರುತ್ತವೆ. ಭಾವನ ಕಚೇರಿಯಲ್ಲಿರುವಂಥ ಕಂಪನಿ ಯಂತ್ರಗಳಾದರೆ ಕೆಲವಕ್ಕೆ ಬೇರೆಯದೇ ಆಕಾರ, ಬೇರೆಯದೇ ಕನೆಕ್ಟರ್ ಇರುತ್ತದೆ.

ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆಯಾಗಿ ಬರುವ ಹೆಸರಿಲ್ಲದ ಎಸ್‌ಎಂಪಿಎಸ್ ಬೇಡವೇ ಬೇಡ. ಅದರ ಮೇಲೆ 450 ವಾಟ್ ಎಂದು ದಪ್ಪ ಅಕ್ಷರದಲ್ಲಿ ಇರುತ್ತದೆ. ಪಕ್ಕದ ಚೀಟಿಯಲ್ಲಿ 12 ವೋಲ್ಟಿನ ಸಾಲನ್ನು ನೋಡಿ: ಅಲ್ಲಿ 16 ಆಂಪಿಯರ್ ಎಂದಿದ್ದರೆ, ಹನ್ನೆರಡು ಹದಿನಾರಲೆ 192 ವಾಟ್ ಅಷ್ಟೇ. ಇಂದಿನ ಕಂಪ್ಯೂಟರಿನ ಮುಖ್ಯ ಭಾಗಗಳೆಲ್ಲ ಓಡುವುದು ಆ ಸಾಲಿನಿಂದ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ನಿಮ್ಮ ಯಂತ್ರ ನೂರು ವಾಟ್ ದಾಟುವುದೇ ಅಪರೂಪ, ಹಾಗಾಗಿ ಒಳ್ಳೆಯ ಕಂಪನಿಯ 400 ಅಥವಾ 450 ವಾಟಿನದು ಬೇಕಾದಷ್ಟಾಯಿತು. ‘80 ಪ್ಲಸ್’ ಗುರುತಿರಲಿ. ಶೇಕಡಾ 20, 50, 100ರಷ್ಟು ಹೊರೆ ಇದ್ದಾಗ ಶೇಕಡಾ 80ಕ್ಕೆ ಕಡಿಮೆಯಿಲ್ಲದ ದಕ್ಷತೆ ಇರಬೇಕು ಎಂಬುದು ಅದರ ಮೊದಲ ಹಂತ. ಇದಕ್ಕೂ ಸದ್ದಿಗೂ ನೇರ ಸಂಬಂಧವಿದೆ. ಯಂತ್ರಕ್ಕೆ ನೂರು ವಾಟ್ ಬೇಕು ಎಂದಿಟ್ಟುಕೊಳ್ಳಿ. ಶೇಕಡಾ 70 ದಕ್ಷತೆಯ ಡಬ್ಬಿ ಗೋಡೆಯಿಂದ 143 ವಾಟ್ ಎಳೆದು 43 ವಾಟನ್ನು ಒಳಗೇ ಬಿಸಿಯಾಗಿ ಕಳೆಯುತ್ತದೆ. ಶೇಕಡಾ 85ರದ್ದು 18 ವಾಟ್ ಮಾತ್ರ. ಬಿಸಿ ಕಡಿಮೆಯಾದರೆ ಫ್ಯಾನು ಓಡಬೇಕಾದ್ದೂ ಕಡಿಮೆ.

ಬದಲಿಸುವ ದಿನ ತಮ್ಮ ಜೊತೆಗಿರಲಿ. ಎಲ್ಲ ವೈರುಗಳ ಫೋಟೊ ಮೊದಲೇ ತೆಗೆಯಿರಿ. ಪ್ಲಗ್ ಕಿತ್ತ ಮೇಲೆ ಮುಂದಿನ ಗುಂಡಿಯನ್ನು ಒಮ್ಮೆ ಒತ್ತಿಬಿಡಿ, ಮದರ್‌ಬೋರ್ಡಿನಲ್ಲಿ ಉಳಿದ ವಿದ್ಯುತ್ ಇಳಿಯುತ್ತದೆ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ ಕೆಲಸ ಶುರು ಮಾಡಿ. 24 ಪಿನ್ನಿನ ದೊಡ್ಡ ಕನೆಕ್ಟರಿಗೆ ಪಕ್ಕದಲ್ಲಿ ಒಂದು ಕೊಂಡಿ ಇದೆ, ಅದನ್ನು ಒತ್ತಿ ಕನೆಕ್ಟರನ್ನೇ ಹಿಡಿದು ಎಳೆಯಿರಿ, ವೈರನ್ನಲ್ಲ. ಪ್ರೊಸೆಸರಿನ ಹತ್ತಿರದ ಮೂಲೆಯಲ್ಲಿ ನಾಲ್ಕು ಪಿನ್ನಿನದು ಇನ್ನೊಂದಿರುತ್ತದೆ. ಹೊಸದನ್ನು ಹಾಕುವಾಗ ಬಹಳ ಜನ ಮರೆಯುವುದು ಅದನ್ನೇ, ಆಗ ಫ್ಯಾನುಗಳೆಲ್ಲ ತಿರುಗಿದರೂ ಪರದೆ ಕಪ್ಪಾಗಿಯೇ ಇರುತ್ತದೆ. ಹಳೆಯ ಡಬ್ಬಿಯ ಹಿಂದೆ 115 ಮತ್ತು 230 ಎಂದು ಬರೆದ ಕೆಂಪು ಗುಂಡಿ ಇದ್ದರೆ ಮಕ್ಕಳು ಅದನ್ನು ಸರಿಸದ ಹಾಗೆ ನೋಡಿಕೊಳ್ಳಿ. ನಮ್ಮ ಕರೆಂಟಿಗೆ ಅದನ್ನು 115ಕ್ಕೆ ಇಟ್ಟರೆ ಡಬ್ಬಿ ಢಬ್ ಎನ್ನುತ್ತದೆ. ಮುಚ್ಚಳ ತೆಗೆದಾಗಲೇ ಒಣ ಬ್ರಷ್ಷಿನಿಂದ ದೂಳನ್ನೂ ತೆಗೆದುಬಿಡಿ. ಬ್ಲೋಯರ್ ಹಿಡಿಯುವುದಾದರೆ ರೆಕ್ಕೆಗಳನ್ನು ಬೆರಳಿನಿಂದ ತಡೆದುಕೊಳ್ಳಿ, ಗಾಳಿಗೆ ಅತಿಯಾಗಿ ತಿರುಗಿದರೆ ಒಳ್ಳೆಯ ಫ್ಯಾನೂ ಕೆಡುತ್ತದೆ.

ಈಗ ನನಗೆ ಬೇಕಿರುವುದು ಎರಡು: ಪತ್ರಿಕೆಯ ಕೊಳವೆಯಲ್ಲಿ ನಿಮಗೆ ಏನು ಕೇಳಿಸಿತು ಎಂಬುದು, ಮತ್ತು ಎಸ್‌ಎಂಪಿಎಸ್ ಪಕ್ಕದ ಚೀಟಿಯ ಒಂದು ಸ್ಪಷ್ಟ ಫೋಟೊ. ಶನಿವಾರ ನಾನು ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗಗಳ ಪೇಟೆಯಾದ ಎಸ್‌ಪಿ ರಸ್ತೆಗೆ ಹೋಗುತ್ತೇನೆ. ಶುಕ್ರವಾರ ರಾತ್ರಿಯೊಳಗೆ ಕಳುಹಿಸಿದರೆ ಅದಕ್ಕೆ ಸರಿಯಾದದ್ದನ್ನೇ ತಂದು ಅಂದೇ ರಾತ್ರಿ ಸಾಗರದ ಬಸ್ಸಿಗೆ ಪಾರ್ಸೆಲ್ ಹಾಕುತ್ತೇನೆ. ಬಿಲ್ಲನ್ನು ಡಬ್ಬಿಯೊಳಗೇ ಇಟ್ಟಿರುತ್ತೇನೆ, ವಾರಂಟಿಗೆ ಬೇಕಾಗುತ್ತದೆ, ಎಸೆಯಬೇಡಿ.