ಜಂಪ್‌ಗೂ ಬೇಕು, ದೂರದ ಸವಾರಿಗೂ ಬೇಕು: ಯಾವ ಹಾರ್ಡ್‌ಟೇಲ್ ತಗೊಳ್ಳೋದು?

ಒಂದೇ ಹಾರ್ಡ್‌ಟೇಲ್ (ಮುಂದೆ ಮಾತ್ರ ಸಸ್ಪೆನ್ಶನ್ ಇರೋ ಮೌಂಟನ್ ಸೈಕಲ್) ಇಟ್ಟುಕೊಳ್ಳೋ ಯೋಚನೆ. ವಾರಕ್ಕೆ ಎರಡು ದಿನ ಮಣ್ಣಿನ ಜಂಪ್, ಒಂದು ದಿನ 30–40 ಕಿ.ಮೀ. ಕ್ರಾಸ್ ಕಂಟ್ರಿ (ಎಕ್ಸ್‌ಸಿ). ಎತ್ತರ 5 ಅಡಿ 9 ಇಂಚು, ತೂಕ 72 ಕೆ.ಜಿ. ಡರ್ಟ್ ಜಂಪ್ ಸೈಕಲ್ ತಗೊಂಡು ಗೇರ್ ಹಾಕಿಸೋದೋ, ಎಕ್ಸ್‌ಸಿ ಸೈಕಲ್ ತಗೊಂಡು ಉದ್ದದ ಫೋರ್ಕ್ (ಮುಂದಿನ ಚಕ್ರ ಹಿಡಿಯೋ ಸಸ್ಪೆನ್ಶನ್ ಕವಲು) ಹಾಕಿಸೋದೋ? ಗೊತ್ತಿರೋರು ಹೇಳಿ.

———

ಎರಡೂ ಬೇಡ. ಡರ್ಟ್ ಜಂಪ್ ಫ್ರೇಮಿನ ಸೀಟ್ ಟ್ಯೂಬ್ ತೀರಾ ಗಿಡ್ಡ. ಉದ್ದನೆಯ ಪೋಸ್ಟ್ ಹಾಕಿ ಸೀಟು ಎತ್ತರಿಸಿದರೂ ಅದು ಹಿಂದಕ್ಕೆ ವಾಲಿಕೊಳ್ಳುತ್ತೆ, ಏರಿನಲ್ಲಿ ಮುಂದಿನ ಚಕ್ರ ನೆಲ ಬಿಡುತ್ತೆ, 10 ಕಿ.ಮೀ. ಆಗೋದರೊಳಗೆ ಮಂಡಿ ನೋಯುತ್ತೆ. ಸಿಂಗಲ್ ಸ್ಪೀಡ್‌ಗೆಂದೇ ಮಾಡಿದ ಎಷ್ಟೋ ಫ್ರೇಮ್‌ಗಳಲ್ಲಿ ಡಿರೇಲರ್ ಹ್ಯಾಂಗರೇ (ಗೇರ್ ಬದಲಿಸೋ ಭಾಗವನ್ನ ಕೂರಿಸೋ ಕೊಂಡಿ) ಇರೋದಿಲ್ಲ, ಗೇರ್ ಹಾಕಿಸೋ ಮಾತೇ ಬರೋದಿಲ್ಲ.

ಎಕ್ಸ್‌ಸಿ ಫ್ರೇಮಿಗೆ ಉದ್ದದ ಫೋರ್ಕ್ ಹಾಕೋದು ಇನ್ನೂ ಅಪಾಯ. ಫೋರ್ಕ್ 20 ಮಿ.ಮೀ. ಉದ್ದವಾದರೆ ಹೆಡ್ ಆ್ಯಂಗಲ್ (ಫೋರ್ಕ್ ಕೂರೋ ಹೆಡ್ ಟ್ಯೂಬ್ ನೆಲಕ್ಕೆ ಮಾಡೋ ಕೋನ) ಹೆಚ್ಚುಕಡಿಮೆ 1 ಡಿಗ್ರಿ ಮಲಗುತ್ತೆ. ಅದರ ಜೊತೆ ಸೀಟ್ ಆ್ಯಂಗಲ್ಲೂ (ಸೀಟ್ ಟ್ಯೂಬಿನ ಕೋನ) ಅಷ್ಟೇ ಮಲಗುತ್ತೆ ಅನ್ನೋದನ್ನ ಎಲ್ಲರೂ ಮರೀತಾರೆ. ಹೆಡ್ ಟ್ಯೂಬ್ ಮೇಲಿನ ಸನ್ನೆಯ ಬಲವೂ ಜಾಸ್ತಿ. ಫ್ರೇಮ್ ಮಾಡಿದವರು ಹೇಳಿದ ಗರಿಷ್ಠ ಟ್ರಾವೆಲ್ (ಫೋರ್ಕ್ ಕುಸಿಯೋ ಉದ್ದ) ಮೀರಿದರೆ ವಾರಂಟಿಯ ಆಸೆ ಬಿಡಿ.

ನಿಮಗೆ ಬೇಕಿರೋದು ಟ್ರೈಲ್ ಹಾರ್ಡ್‌ಟೇಲ್. ಫೋರ್ಕ್ 120 ಅಥವಾ 130 ಮಿ.ಮೀ., ಹೆಡ್ ಆ್ಯಂಗಲ್ 65–66, ಸೀಟ್ ಆ್ಯಂಗಲ್ 75ರ ಆಸುಪಾಸು, ಚೈನ್‌ಸ್ಟೇ (ಪೆಡಲ್ ಅಚ್ಚಿನಿಂದ ಹಿಂದಿನ ಚಕ್ರದ ಅಚ್ಚಿನವರೆಗಿನ ಕೊಳವೆ) 420–430 ಮಿ.ಮೀ., ನಿಮ್ಮ ಎತ್ತರಕ್ಕೆ ರೀಚ್ (ಪೆಡಲ್ ಅಚ್ಚಿನಿಂದ ಹೆಡ್ ಟ್ಯೂಬ್ ಮೇಲ್ತುದಿಗಿರೋ ಅಡ್ಡ ದೂರ) 440–455 ಮಿ.ಮೀ. ಹಾರ್ಡ್‌ಟೇಲ್‌ನಲ್ಲಿ ನೀವು ಹತ್ತಿ ಕೂತಾಗ ಮುಂದೆ ಮಾತ್ರ ಕುಸಿಯುತ್ತೆ, ಹಿಂದೆ ಇಲ್ಲ. ಹಾಗಾಗಿ ಕಾಗದದ ಮೇಲಿನ 65 ಡಿಗ್ರಿ ಸವಾರಿಯಲ್ಲಿ 66 ದಾಟಿರುತ್ತೆ. ಫುಲ್ ಸಸ್ಪೆನ್ಶನ್ ಅಂಕಿಗಳ ಜೊತೆ ಹೋಲಿಸಿ ಮೋಸ ಹೋಗಬೇಡಿ.

———

ಮೊದಲು ಜಂಪ್ ಎಷ್ಟು ದೊಡ್ಡದು ಅನ್ನೋದನ್ನ ನೋಡ್ಕೊಳ್ಳಿ. ಎಎಸ್‌ಟಿಎಂ (ಮಾನಕಗಳನ್ನ ರೂಪಿಸೋ ಸಂಸ್ಥೆ) ವರ್ಗೀಕರಣದ ಪ್ರಕಾರ 3ನೇ ವರ್ಗದ ಸೈಕಲ್ 61 ಸೆಂ.ಮೀ.ಗಿಂತ ಕಮ್ಮಿ ಎತ್ತರದ ಜಿಗಿತಕ್ಕೆ, 4ನೇ ವರ್ಗ 122 ಸೆಂ.ಮೀ.ಗಿಂತ ಕಮ್ಮಿಗೆ. ಈ ಅಂಕಿ ಕೈಪಿಡಿಯಲ್ಲೋ ಫ್ರೇಮಿನ ಸ್ಟಿಕ್ಕರ್ ಮೇಲೋ ಇರುತ್ತೆ. ಎಕ್ಸ್‌ಸಿ ಹಾರ್ಡ್‌ಟೇಲ್‌ಗಳು ಸಾಮಾನ್ಯವಾಗಿ 3. ನೀವು 4 ಅಂತ ಬರೆದಿರೋದನ್ನೇ ಹುಡುಕಿ.

ಎತ್ತರಕ್ಕಿಂತ ಇಳಿಯೋ ಜಾಗ ಮುಖ್ಯ. ಇಳಿಜಾರಿನ ಮೇಲೆ ಸರಿಯಾಗಿ ಇಳಿದ 1 ಮೀಟರ್ ಜಂಪ್ ಸೈಕಲ್‌ಗೆ ಗೊತ್ತೇ ಆಗೋದಿಲ್ಲ. ಸಪಾಟು ನೆಲದ ಮೇಲೆ ಬಿದ್ದ ಅರ್ಧ ಮೀಟರ್ ರಿಮ್ ಬಗ್ಗಿಸುತ್ತೆ.

———

ಎಲ್ಲರೂ ಫೋರ್ಕ್ ಫೋರ್ಕ್ ಅಂತಾರೆ, ಹಾರ್ಡ್‌ಟೇಲ್‌ನಲ್ಲಿ ಮೊದಲು ಸಾಯೋದು ಹಿಂದಿನ ಚಕ್ರ. ಹಿಂದಿನ ಹಬ್ಬಿನ (ಚಕ್ರದ ನಡುಭಾಗ) ಹಲ್ಲುಚಕ್ರಗಳನ್ನ ಹತ್ತಿರದಿಂದ ನೋಡಿ. ತಿರುಪಿನ ಫ್ರೀವೀಲ್ ಕೂರಿಸಿದ ಹಬ್ ಆದರೆ ಬಲಗಡೆಯ ಬೇರಿಂಗ್ ಹಲ್ಲುಚಕ್ರಗಳ ಒಳಬದಿಗೆ ಸರಿದಿರುತ್ತೆ. ಅಲ್ಲಿಂದ ಫ್ರೇಮಿನವರೆಗೆ ಆ್ಯಕ್ಸಲ್‌ಗೆ ಆಸರೆಯೇ ಇಲ್ಲ. ನಾಲ್ಕು ಸಲ ಜೋರಾಗಿ ಇಳಿದರೆ ಅಲ್ಲೇ ಬಗ್ಗುತ್ತೆ, ಇಲ್ಲವೇ ಮುರಿಯುತ್ತೆ. ಚಕ್ರ ಬಿಚ್ಚಿ ಆ್ಯಕ್ಸಲನ್ನ ಕೈಯಿಂದ ತಿರುಗಿಸಿದಾಗ ಅದರ ತುದಿ ಓಲಾಡಿದರೆ ಆ್ಯಕ್ಸಲ್ ಬಗ್ಗಿದೆ ಅಂತ ಅರ್ಥ. ಕ್ಯಾಸೆಟ್ ಹಬ್‌ನಲ್ಲಿ (ಹಲ್ಲುಚಕ್ರಗಳು ತಿರುಪಿನ ಬದಲು ಜಾರಿಸಿ ಕೂರಿಸೋ ಬಗೆ) ಬೇರಿಂಗ್ ಹೊರತುದಿಗೆ ಬರೋದರಿಂದ ಈ ಕಾಟ ಕಮ್ಮಿ.

ಹಾಗಾಗಿ ಥ್ರೂ ಆ್ಯಕ್ಸಲ್ (ಹಬ್ ಮೂಲಕ ತೂರಿಸಿ ಫ್ರೇಮಿಗೆ ಬಿಗಿಯೋ ದಪ್ಪ ಅಚ್ಚು) ಇರೋ ಫ್ರೇಮೇ ತಗೊಳ್ಳಿ: ದಪ್ಪ×ಅಗಲ ಮಿ.ಮೀ.ನಲ್ಲಿ ಹಿಂದೆ 12×148, ಮುಂದೆ 15×110. ಈ ಅಳತೆಗೆ ಮುಂದಿನ ದಿನಗಳಲ್ಲೂ ಚಕ್ರ ಸುಲಭವಾಗಿ ಸಿಗುತ್ತೆ. 32 ಕಡ್ಡಿ, ಒಳಅಗಲ 28–30 ಮಿ.ಮೀ. ಇರೋ ಡಬಲ್ ವಾಲ್ ಅಲ್ಯೂಮಿನಿಯಂ ರಿಮ್ ಸಾಕು. 24 ಕಡ್ಡಿಯ ಹಗುರ ಚಕ್ರ ಜಂಪ್‌ಗೆ ಬೇಡವೇ ಬೇಡ.

ಟೈರ್ 2.4, ಟ್ಯೂಬ್‌ಲೆಸ್. ನಿಮ್ಮ ತೂಕಕ್ಕೆ ದೂರದ ಸವಾರಿಗೆ ಮುಂದೆ 22, ಹಿಂದೆ 25–26 ಪಿಎಸ್‌ಐಯಿಂದ ಶುರು ಮಾಡಿ. ಜಂಪ್ ದಿನ ಹಿಂದೆ 30 ದಾಟಿಸಿ, ಇಲ್ಲದಿದ್ದರೆ ತಿರುವಿನ ದಿಬ್ಬದಲ್ಲಿ ಟೈರ್ ಮಡಚಿಕೊಳ್ಳುತ್ತೆ. ಹಿಂದಿನ ಟೈರ್ ಒಳಗೆ ಫೋಮ್ ಇನ್ಸರ್ಟ್ ಹಾಕಿದರೆ ರಿಮ್ ಬಹಳ ದಿನ ಬಾಳುತ್ತೆ, ಆದರೆ ಟೈರ್ ಕಳಚೋವಾಗ ಕೈ ಉರಿಯುತ್ತೆ!

———

29 ಇಂಚೋ 27.5 ಇಂಚೋ ಅನ್ನೋದನ್ನ ಯಾರೂ ಮುಟ್ಟಲಿಲ್ಲ. 40 ಕಿ.ಮೀ. ಕಲ್ಲು, ಬೇರುಗಳ ಹಾದಿಗೆ 29 ಸುಖ. ಗಾಳಿಯಲ್ಲಿ ಸೈಕಲ್ ಓರೆ ಮಾಡಿ ಆಡಿಸೋಕೆ 27.5 ಚುರುಕು. ಬರೀ ಗುಂಡಗಿನ ದಿಬ್ಬ ಹಾರೋದಾದರೆ 29, ಟ್ರಿಕ್ ಮಾಡೋ ಆಸೆ ಇದ್ದರೆ 27.5. ಕೋನಾ ಹೊಂಜೊ ತರಹದ ಗಿಡ್ಡ ಚೈನ್‌ಸ್ಟೇಯ 29 ಸೈಕಲ್‌ಗಳು ಬಂದ ಮೇಲೆ ‘29 ಅಂದ್ರೆ ಲಾರಿ’ ಅನ್ನೋ ಮಾತು ಹಳಸಿದೆ.

ಸ್ಟೀಲೋ ಅಲ್ಯೂಮಿನಿಯಮ್ಮೋ ಅಂತ ತಲೆ ಕೆಡಿಸಿಕೊಳ್ಳಬೇಡಿ. 2.4 ಟೈರಿನ ಗಾಳಿ 2 ಪಿಎಸ್‌ಐ ಬದಲಾದರೆ ಆಗೋ ವ್ಯತ್ಯಾಸ ಫ್ರೇಮಿನ ಲೋಹದ ವ್ಯತ್ಯಾಸಕ್ಕಿಂತ ಬೇಗ ಗೊತ್ತಾಗುತ್ತೆ.

———

ಫೋರ್ಕ್ ಕಾಲು 34 ಅಥವಾ 35 ಮಿ.ಮೀ. ಇರಲಿ, ಏರ್ ಸ್ಪ್ರಿಂಗ್ ಇರಲಿ, ರಿಬೌಂಡ್ (ಕುಸಿದ ಫೋರ್ಕ್ ಮೇಲೇಳೋ ವೇಗ) ಹೊಂದಿಸೋ ತಿರುಪು ಇರಲೇಬೇಕು. ಅಗ್ಗದ ಕಾಯಿಲ್ ಫೋರ್ಕ್‌ನ ಮೇಲಿನ ತಿರುಪು ಬರೀ ಪ್ರಿಲೋಡ್ (ಸ್ಪ್ರಿಂಗಿನ ಆರಂಭದ ಬಿಗಿತ). ರಿಬೌಂಡ್ ತಡೆ ಇಲ್ಲದ ಫೋರ್ಕ್ ಜಂಪಿನ ತುಟಿಯಲ್ಲಿ ಒತ್ತಿಕೊಂಡು ಒಮ್ಮೆಲೆ ಎಗರಿ ಹ್ಯಾಂಡಲ್‌ಬಾರನ್ನ ಮೇಲಕ್ಕೆ ಒದೆಯುತ್ತೆ.

ಒಂದೇ ಫೋರ್ಕ್‌ನಲ್ಲಿ ಎರಡೂ ಕೆಲಸ ಮಾಡಿಸೋದು ಹೀಗೆ. ಸವಾರಿಯ ಬಟ್ಟೆ, ಬ್ಯಾಗ್ ಸಮೇತ ಪೆಡಲ್ ಮೇಲೆ ನಿಂತು ಸ್ಯಾಗ್ (ನಿಮ್ಮ ತೂಕಕ್ಕೆ ಫೋರ್ಕ್ ಕುಸಿಯೋ ಪ್ರಮಾಣ) ಅಳೆಯಿರಿ. 120 ಮಿ.ಮೀ. ಫೋರ್ಕ್‌ಗೆ ಶೇ. 20 ಅಂದರೆ ರಬ್ಬರ್ ಉಂಗುರ 24 ಮಿ.ಮೀ. ಸರಿಯಬೇಕು. ಜಂಪ್‌ನಲ್ಲಿ ತಳ ಮುಟ್ಟುತ್ತಿದ್ದರೆ ಗಾಳಿ ತುಂಬೋ ಬದಲು ಒಂದು ವಾಲ್ಯೂಮ್ ಟೋಕನ್ (ಫೋರ್ಕ್‌ನೊಳಗಿನ ಗಾಳಿಯ ಜಾಗ ಕಮ್ಮಿ ಮಾಡೋ ಬಿಲ್ಲೆ) ಸೇರಿಸಿ. ಮೊದಲರ್ಧ ಮೆತ್ತಗೇ ಉಳಿದು ಕೊನೆಯಲ್ಲಿ ಮಾತ್ರ ಗಟ್ಟಿಯಾಗುತ್ತೆ. ಜಂಪ್ ದಿನ 5–8 ಪಿಎಸ್‌ಐ ಹೆಚ್ಚಿಸಿ, ಜೊತೆಗೇ ರಿಬೌಂಡ್ ಒಂದೆರಡು ಕ್ಲಿಕ್ ನಿಧಾನ ಮಾಡಿ. ಗಾಳಿ ಹೆಚ್ಚಾದಾಗ ಮೇಲೇಳೋ ವೇಗವೂ ಹೆಚ್ಚುತ್ತೆ. ಲಾಕ್‌ಔಟ್ (ಫೋರ್ಕ್ ಕುಸಿಯದಂತೆ ತಡೆಯೋ ಕೀಲಿ) ಹಾಕಿಕೊಂಡು ಹಾರಬೇಡಿ, ಡ್ಯಾಂಪರ್ ಸೀಲ್ ಒಡೆಯಬಹುದು.

———

ಡ್ರಾಪರ್ ಪೋಸ್ಟ್ (ಸವಾರಿ ಮಾಡ್ತಲೇ ಸೀಟು ಏರಿಸಿ ಇಳಿಸೋ ಪೋಸ್ಟ್) ಇಲ್ಲದೆ ಈ ಎರಡು ಕೆಲಸ ಒಂದೇ ಸೈಕಲ್‌ನಲ್ಲಿ ಆಗೋದಿಲ್ಲ. ಸೀಟ್ ಟ್ಯೂಬಿನ ಒಳವ್ಯಾಸ 30.9 ಅಥವಾ 31.6 ಮಿ.ಮೀ. ಇದ್ದರೆ ಆಯ್ಕೆ ಬೇಕಾದಷ್ಟು, 27.2 ಆದರೆ ತೀರಾ ಕಮ್ಮಿ. ಕೊಳ್ಳೋ ಮೊದಲು ಟ್ಯೂಬಿನೊಳಗೆ ಒಂದು ಕಡ್ಡಿ ಇಳಿಸಿ ನೋಡಿ: ಟ್ಯೂಬಿನ ಬಾಗು ಅಥವಾ ಬಾಟಲ್ ಬೋಲ್ಟ್ ಎಲ್ಲಿ ತಡೆಯುತ್ತೋ ಅಲ್ಲಿಗೇ ಪೋಸ್ಟ್ ನಿಲ್ಲುತ್ತೆ. 150 ಮಿ.ಮೀ. ಡ್ರಾಪರ್ ತಂದು ಅದು ಪೂರ್ತಿ ಇಳಿಯದೆ ಸೀಟು ಎತ್ತರವಾಗಿಯೇ ಉಳಿಯೋದು ಸಾಮಾನ್ಯ ಎಡವಟ್ಟು.

ಗೇರ್: ಮುಂದೆ 32 ಹಲ್ಲಿನ ನ್ಯಾರೋ ವೈಡ್ (ಚೈನ್ ಜಾರದಂತೆ ಒಂದು ಸಣ್ಣ ಒಂದು ದಪ್ಪ ಹಲ್ಲಿರೋ ಚಕ್ರ), ಹಿಂದೆ 11–46 ಅಥವಾ 10–51 ಹಲ್ಲು, ಕ್ಲಚ್ ಡಿರೇಲರ್ (ಚೈನ್ ಕುಣಿಯದಂತೆ ಬಿಗಿ ಹಿಡಿಯೋದು). ಮುಂದೆ 180 ಮಿ.ಮೀ. ಡಿಸ್ಕ್. ಸ್ಟೆಮ್ (ಹ್ಯಾಂಡಲ್‌ಬಾರ್ ಹಿಡಿಯೋ ಭಾಗ) 40–50 ಮಿ.ಮೀ.

———

ಸೆಕೆಂಡ್ ಹ್ಯಾಂಡ್ ನೋಡ್ತಿದ್ದರೆ ಹೆಡ್ ಟ್ಯೂಬ್ ಮತ್ತು ಡೌನ್ ಟ್ಯೂಬ್ ಸೇರೋ ಬೆಸುಗೆಯ ಕೆಳಗೆ ಬೆರಳು ಸವರಿ. ಬಣ್ಣ ಸುಕ್ಕಾಗಿದ್ದರೆ, ಉಬ್ಬು ಸಿಕ್ಕರೆ ಮಾತಾಡದೆ ವಾಪಸ್ ಬನ್ನಿ. ಆಮೇಲೆ ಸೀಟ್ ಟ್ಯೂಬ್ ಮೇಲ್ತುದಿಯ ಬೆಸುಗೆ, ಚೈನ್ ಕಡೆಯ ಚೈನ್‌ಸ್ಟೇ. ಮುಂದಿನ ಬ್ರೇಕ್ ಹಿಡಿದು ಸೈಕಲ್ ಹಿಂದೆಮುಂದೆ ತಳ್ಳಿ, ಇನ್ನೊಂದು ಕೈಯ ಬೆರಳು ಹೆಡ್‌ಸೆಟ್‌ನ (ಹೆಡ್ ಟ್ಯೂಬಿನ ಬೇರಿಂಗ್) ಕೆಳಗಿನ ಕಪ್ ಮೇಲಿರಲಿ. ಟಕ್ ಟಕ್ ಅಂದರೆ ಬಿಗಿ ಮಾಡಿ ಮತ್ತೆ ನೋಡಿ. ಆಗಲೂ ಹೋಗದಿದ್ದರೆ ಹೆಡ್ ಟ್ಯೂಬ್ ಬಾಯಿ ಅಗಲವಾಗಿರಬಹುದು, ಅದರ ರಿಪೇರಿ ಕಷ್ಟ.

ಹೊಸದಾದರೂ ಮೊದಲ ಎರಡು ಮೂರು ಸವಾರಿ ಆದ ಮೇಲೆ ಹಿಂದಿನ ಚಕ್ರದ ಕಡ್ಡಿಗಳನ್ನ ಮತ್ತೆ ಬಿಗಿ ಮಾಡಿಸಿ, ಜಂಪ್ ಅದಾದ ಮೇಲೆ.